ಡೋಲೋ, ಪ್ಯಾನ್ ಎಲ್ಲ ಅಲ್ಲೇ ಬಿಟ್ಟು ಬಾ

ತಂಗಿ, ಸಿಬಿಟಿ ಅನ್ನೋ ಕಂಪ್ಯೂಟರ್ ಪರೀಕ್ಷೆ ಪಾಸಾಗಿ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದ್ದು ಕೇಳಿ ಖುಷಿಯಾಯಿತು. ಇನ್ನು ಉಳಿದಿರೋದು ಆಸ್ಕಿ, ಅಂದರೆ ಕೆಲಸ ಮಾಡಿ ತೋರಿಸುವ ಪರೀಕ್ಷೆ. "ಫಾರ್ಮಕಾಲಜಿ ಮತ್ತೆ ಮೊದಲಿಂದ ಓದಬೇಕಾ ಅಕ್ಕ? ಅಲ್ಲಿ ಔಷಧಿ ಕೊಡೋ ರೀತಿಯೇ ಬೇರೆಯಂತೆ" ಅಂತ ಕೇಳಿದ್ದೀಯ.

ಮೊದಲಿಂದ ಓದೋದು ಬೇಡ. ಹಾಸನದಲ್ಲಿ ಬಿಪಿ ಇಳಿಸಿದ ಮಾತ್ರೆ ಇಲ್ಲಿ ಇಂಗ್ಲೆಂಡಿನಲ್ಲೂ ಬಿಪಿಯನ್ನೇ ಇಳಿಸುತ್ತದೆ. ಬದಲಾಗೋದು ಹೆಸರು ಮತ್ತು ಅಳತೆ. ಅದಕ್ಕಿಂತ ಜಾಸ್ತಿ, ತಡೆದು ಕೇಳುವ ಅಭ್ಯಾಸ.

ನಮ್ಮ ವಾರ್ಡುಗಳಲ್ಲಿ ಎಲ್ಲಾ ಕಂಪನಿ ಹೆಸರೇ ಅಲ್ವಾ? ಡೋಲೋ ಕೊಡು, ಪ್ಯಾನ್ ಹಾಕು, ಎಮಿಸೆಟ್ ತಾ. ಇಲ್ಲಿ ಚಾರ್ಟಿನಲ್ಲಿ ಹೆಚ್ಚಾಗಿ ಔಷಧಿಯ ಮೂಲ ಹೆಸರು ಇರುತ್ತದೆ: ಡೋಲೋ ಅಂದರೆ ಪ್ಯಾರಾಸಿಟಮಾಲ್, ಪ್ಯಾನ್ ಅಂದರೆ ಪ್ಯಾಂಟೊಪ್ರಜೋಲ್, ಎಮಿಸೆಟ್ ಅಂದರೆ ಒಂಡಾನ್ಸೆಟ್ರಾನ್. ನಿನ್ನ ಆಗ್ಮೆಂಟಿನ್ ಇಲ್ಲಿ ಕೋ-ಅಮಾಕ್ಸಿಕ್ಲಾವ್. ಅದರಲ್ಲಾದರೂ 'ಅಮಾಕ್ಸಿ' ಅನ್ನೋದು ಪೆನಿಸಿಲಿನ್ ಗುಂಪಿನ ಆಂಟಿಬಯೋಟಿಕ್ ಅಂತ ಸುಳಿವು ಕೊಡುತ್ತದೆ. ನಾವು ಪಿಪ್ಟಾಜ್ ಅನ್ನೋದನ್ನು ಇಲ್ಲಿ ಟಾಜೋಸಿನ್ ಅನ್ನುತ್ತಾರೆ. ಅದೂ ಪೆನಿಸಿಲಿನ್ ಗುಂಪಿನದೇ ಅಂತ ಆ ಹೆಸರು ಕೇಳಿದರೆ ಗೊತ್ತಾಗುವುದೇ ಇಲ್ಲ. ರೋಗಿಗೆ ಪೆನಿಸಿಲಿನ್ ಅಲರ್ಜಿ ಇದ್ದರೆ ಎರಡೂ ಅಪಾಯ.

ಇನ್ನೊಂದು, ಆಂಟಿಬಯೋಟಿಕ್ ಕೊಡೋಕೆ ಮುಂಚೆ ಚರ್ಮಕ್ಕೆ ಟೆಸ್ಟ್ ಡೋಸ್ ಚುಚ್ಚಿ ಸುತ್ತ ಪೆನ್ನಿನಿಂದ ಗುರುತು ಹಾಕ್ತಿದ್ದೀವಲ್ಲ, ಅದು ಇಲ್ಲಿನ ವಾರ್ಡಿನಲ್ಲಿ ವಾಡಿಕೆಯಲ್ಲಿಲ್ಲ. ಹಾಗಾಗಿ ಎಲ್ಲ ಭಾರವೂ ಕೇಳೋದರ ಮೇಲೆ. ಚಾರ್ಟಿನಲ್ಲಿ ಅಲರ್ಜಿಯ ಜಾಗ ನೋಡು, ಕೈಪಟ್ಟಿ ನೋಡು, ಆಮೇಲೆ ರೋಗಿಯನ್ನೂ ಕೇಳು. 'ಅಲರ್ಜಿ ಇದೆ' ಅಂದರೆ ಏನಾಗಿತ್ತು ಅಂತಲೂ ಕೇಳು. ಹೊಟ್ಟೆ ಕೆಟ್ಟಿದ್ದಕ್ಕೂ ಮುಖ, ಗಂಟಲು ಊದಿದ್ದಕ್ಕೂ ತುಂಬಾ ವ್ಯತ್ಯಾಸವಿದೆ.

ಕೋ-ಕೊಡಮಾಲ್ ಅನ್ನೋ ನೋವಿನ ಮಾತ್ರೆ ಇಲ್ಲಿ ಬಹಳ. ಅದರಲ್ಲಿ ಕೊಡೀನ್ ಜೊತೆ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ಚಾರ್ಟಿನ ಒಂದು ಪುಟದಲ್ಲಿ ಅದು, ಇನ್ನೊಂದರಲ್ಲಿ ಬರೀ ಪ್ಯಾರಾಸಿಟಮಾಲ್, ಎರಡನ್ನೂ ಕೊಟ್ಟರೆ ದಿನಕ್ಕೆ 4 ಗ್ರಾಂ ಮಿತಿ ಸುಮ್ನೆ ದಾಟಿಹೋಗುತ್ತದೆ. ಹಿಂದಿನ ಡೋಸ್ ಎಷ್ಟು ಹೊತ್ತಿಗೆ ಆಯಿತು ಅಂತ ನೋಡದೆ ಮುಂದಿನದನ್ನು ಮುಟ್ಟಬೇಡ. ರೋಗಿ 50 ಕೆ.ಜಿ.ಗಿಂತ ಕಡಿಮೆ ತೂಗಿದರೆ ಡೋಸ್ ಕಡಿಮೆ ಆಗಬೇಕೇನೋ, ಫಾರ್ಮಸಿಸ್ಟನ್ನು ಕೇಳು.

ಇನ್ಸುಲಿನ್ ವಿಷಯ ಸ್ವಲ್ಪ ನಿಧಾನವಾಗಿ ಓದು. ನಮ್ಮಲ್ಲಿ ವಯಲ್ (ಔಷಧಿಯ ಸಣ್ಣ ಬಾಟಲಿ) ಸಾಮಾನ್ಯವಾಗಿ ಒಂದು ಎಂ.ಎಲ್.ಗೆ 40 ಯೂನಿಟ್. ಇಲ್ಲಿ ಮಾಮೂಲಿ ಬಲ 100 ಯೂನಿಟ್. ಅಲ್ಲಿಯ ಲೆಕ್ಕದಲ್ಲಿ 10 ಯೂನಿಟ್ ಅಂದರೆ 0.25 ಎಂ.ಎಲ್. ಅಷ್ಟೇ ಅಳತೆ ಇಲ್ಲಿ ಎಳೆದರೆ 25 ಯೂನಿಟ್ ಒಳಗೆ ಹೋಗುತ್ತದೆ. ಬೆಳಗಾಗುವಷ್ಟರಲ್ಲಿ ರೋಗಿಯ ಶುಗರ್ ಎಲ್ಲಿಗೆ ಇಳಿಯುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಅದಕ್ಕೇ ಇಲ್ಲಿ ಇನ್ಸುಲಿನ್ ಸಿರಿಂಜ್ ಅಥವಾ ಇನ್ಸುಲಿನ್ ಪೆನ್, ಅಷ್ಟೇ. ಸಾಮಾನ್ಯ 1 ಎಂ.ಎಲ್. ಸಿರಿಂಜಿನಲ್ಲಿ ಎಳೆಯೋ ಹಾಗಿಲ್ಲ, ಪೆನ್ನಿನೊಳಗೆ ಇನ್ಸುಲಿನ್ ತುಂಬಿರುವ ಕಾರ್ಟ್ರಿಜ್‌ಗೆ ಸೂಜಿ ಚುಚ್ಚಿ ಎಳೆಯೋ ಹಾಗೂ ಇಲ್ಲ. ಬರೆಯುವಾಗ 'ಯೂನಿಟ್' ಪದವನ್ನು ಪೂರ್ತಿ ಬರಿ. ಬರೀ ಇಂಗ್ಲಿಷಿನ 'ಯು' ಅಕ್ಷರ ಹಾಕಿದರೆ ಅವಸರದಲ್ಲಿ ಸೊನ್ನೆಯ ಹಾಗೆ ಕಾಣುತ್ತದೆ, 4 ಹೋಗಿ 40 ಆಗುತ್ತದೆ. ಮೈಕ್ರೋಗ್ರಾಂ ಕೂಡ ಹಾಗೇ, ಪೂರ್ತಿ ಬರೆಯಬೇಕು.

ಮಾರ್ಫೀನ್ ಥರದವಕ್ಕೆ ಬೀಗದ ಕಪಾಟು, ರಿಜಿಸ್ಟರ್, ಇಬ್ಬರ ಸಹಿ. ಎರಡನೆಯವರು ಕಪಾಟಿನ ಹತ್ತಿರ ಸಹಿ ಹಾಕಿ ಹೋಗೋದಲ್ಲ, ಹಾಸಿಗೆಯ ತನಕ ಬರಬೇಕು. ಇದನ್ನು ಬೇಗ ಕಲಿತುಬಿಡ್ತೀಯ.

ಇನ್ನು ತಡೆದು ಕೇಳೋದು. ಡಾಕ್ಟರು ಬರೆದಿದ್ರು, ಕೊಟ್ಟೆ ಅಂದರೆ ಇಲ್ಲಿ ನಡೆಯೋದಿಲ್ಲ. ಕೊಟ್ಟವಳು ನೀನು, ನರ್ಸ್ ರಿಜಿಸ್ಟ್ರೇಷನ್ ನಿನ್ನದು. ಡೋಸ್ ಸರಿ ಕಾಣದಿದ್ದರೆ ಕೊಡದೆ ನಿಲ್ಲಿಸಿ ಡಾಕ್ಟರನ್ನು ಕರೆಯಬೇಕು. ನಮ್ಮಲ್ಲಿ ರೌಂಡ್ಸ್ ಹೊತ್ತಿನಲ್ಲಿ ಸರ್ ಎದುರು ಉಸಿರೆತ್ತದೆ ಬೆಳೆದವರಿಗೆ ಮೊದಮೊದಲು ನಾಲಿಗೆ ಹೊರಳೋದಿಲ್ಲ. ಇಲ್ಲಿ ಡಾಕ್ಟರನ್ನೂ ಹೆಸರು ಹಿಡಿದೇ ಕರೀತಾರೆ, ಕೇಳಿದರೆ ಹೆಚ್ಚಿನವರು ಬೇಜಾರು ಮಾಡಿಕೊಳ್ಳೋದಿಲ್ಲ. ಒಬ್ಬಿಬ್ಬರು ಸಿಡುಕುತ್ತಾರೆ, ಸಿಡುಕಲಿ ಬಿಡು.

ಆಸ್ಕಿಯಲ್ಲೂ ನೋಡೋದು ಇದನ್ನೇ. ಗಡಿಬಿಡಿಯಲ್ಲಿ ಎಲ್ಲಾ ಮಾತ್ರೆ ಕೊಟ್ಟು ಮುಗಿಸುವವಳಿಗಿಂತ, ಒಂದನ್ನು ತಡೆದು, ಯಾಕೆ ಕೊಟ್ಟಿಲ್ಲ ಅಂತ ಚಾರ್ಟಿನಲ್ಲಿ ಕೋಡ್ ಹಾಕಿ, ರೋಗಿಗೂ ಹೇಳುವವಳು ಮೇಲು. ಖಾಲಿ ಚೌಕ ಬಿಡಬೇಡ. ರೋಗಿ ಮಾತ್ರೆ ನುಂಗುವ ಮುಂಚೆ ಸಹಿ ಹಾಕಬೇಡ.

ವಾರ್ಡ್ ಯಾವುದು ಅಂತ ಗೊತ್ತಾದ ಮೇಲೆ ಬರಿ. ವಯಸ್ಸಾದವರ ವಾರ್ಡ್ ಆದರೆ ಮಾತ್ರೆ ಪುಡಿ ಮಾಡಿ ಕೊಡೋದರ ಬಗ್ಗೆ ಬೇರೆಯೇ ಹೇಳಬೇಕು. ನಿಧಾನವಾಗಿ ಕರಗುವ ಮಾತ್ರೆ ಪುಡಿಯಾದರೆ ಇಡೀ ದಿನದ ಡೋಸ್ ಒಂದೇ ಸಲ ಒಳಗೆ ಹೋಗಬಹುದು.