ಒಳಗಾ, ಹೊರಗಾ, ಜಗಲಿ ಮೇಲಾ?

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ‘ನೀನು’ ಅಂತಲೇ ಬರೆಯುತ್ತೇನೆ. ಧಾರವಾಡದ ಹುಡುಗ. ಎಂ.ಫಾರ್ಮ್ ಮುಗಿಸಿ ಜಿಗಣಿಯ ಔಷಧ ಕಂಪನಿಯ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಲ್ಯಾಬ್‌ನಲ್ಲಿ ನಾಲ್ಕು ವರ್ಷ. ಈಗ ಕೈಯಲ್ಲಿ ಎರಡು ಆಫರ್, ಒಂದು ಉತ್ತರ ಇಂಗ್ಲೆಂಡಿನಲ್ಲಿ, ಇನ್ನೊಂದು ಐರ್ಲೆಂಡಿನ ಕಾರ್ಕ್‌ನಲ್ಲಿ. ‘ಯುರೋಪಿಯನ್ ಯೂನಿಯನ್ ಬಿಟ್ಟು ಬ್ರಿಟನ್ ಮುಳುಗಿತು, ಒಳಗೇ ಉಳಿದು ಐರ್ಲೆಂಡ್ ಉದ್ಧಾರವಾಯಿತು ಅಂತಾರೆ, ನಿಜವಾ? ಒಳಗಿರುವ ದೇಶಕ್ಕೆ ಬಂದರೆ ನಾಳೆ ಜರ್ಮನಿಗೂ ಹೋಗಬಹುದಲ್ವಾ?’ ಅಂತ ಕೇಳಿದ್ದೀಯ.

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಹೋಗಲಾಗುವುದಿಲ್ಲ. ಯೂನಿಯನ್‌ನಲ್ಲಿ ಎಲ್ಲಿ ಬೇಕಾದರೂ ಹೋಗಿ ಕೆಲಸ ಮಾಡುವ ಹಕ್ಕು ಅಲ್ಲಿನ ಪ್ರಜೆಗಳದ್ದು. ನಮ್ಮ ನಿಮ್ಮಂಥವರ ಪರ್ಮಿಟ್ ಆಯಾ ದೇಶದ ಗಡಿಗೇ ಮುಗಿಯುತ್ತದೆ. ಅದರಲ್ಲೂ ಐರ್ಲೆಂಡ್, ಹೊರಗಿನ ನುರಿತ ಕೆಲಸಗಾರರಿಗೆ ಇರುವ ಯೂನಿಯನ್‌ನ ಬ್ಲೂ ಕಾರ್ಡ್ ಯೋಜನೆಯಲ್ಲಿ ಇಲ್ಲ, ಗಡಿ ತಪಾಸಣೆ ಇಲ್ಲದೆ ಓಡಾಡುವ ದೇಶಗಳ ಗುಂಪಾದ ಷೆಂಗೆನ್‌ನಲ್ಲೂ ಇಲ್ಲ. ಯೂನಿಯನ್ ಒಳಗಿನ ಐರ್ಲೆಂಡಿನಲ್ಲೇ ಕೂತಿರುವ ನಾನು ಪ್ಯಾರಿಸ್ ನೋಡಬೇಕಾದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ವೀಸಾಕ್ಕೆ ಅಲೆಯಬೇಕು. ಯೂನಿಯನ್ ಹೊರಗಿರುವ ಜ್ಯೂರಿಕ್‌ನಲ್ಲಿ ನನ್ನ ಗೆಳತಿ ಇದ್ದಾಳೆ, ಮೈಸೂರಿನವಳು, ಅವಳದ್ದೂ ಭಾರತದ ಪಾಸ್‌ಪೋರ್ಟೇ. ಅವಳು ಶುಕ್ರವಾರ ಸಂಜೆ ಆಫೀಸ್ ಮುಗಿಸಿ ಹಾಗೇ ಪ್ಯಾರಿಸ್ ರೈಲು ಹತ್ತುತ್ತಾಳೆ, ಯಾಕೆಂದರೆ ಸ್ವಿಟ್ಜರ್ಲೆಂಡ್ ಷೆಂಗೆನ್‌ನಲ್ಲಿದೆ. ಒಳಗೆ–ಹೊರಗೆ ಅನ್ನುವುದು ಭೂಪಟದಲ್ಲಿ ಕಾಣುವಷ್ಟು ಸರಳ ಅಲ್ಲ.

ಇನ್ನು ಮೊದಲ ಪ್ರಶ್ನೆ. ನಾನು ಎರಡೂ ಕಡೆ ದುಡಿದವಳು, ನಿನ್ನದೇ ಕಸುಬಿನಲ್ಲಿ. 2016ರ ಜೂನ್ 23ರಂದು ಬ್ರಿಟನ್‌ನಲ್ಲಿ ಮತ ಹಾಕಿದಾಗ ನಾನು ಅಲ್ಲೇ ಇದ್ದೆ. ಶೇ 51.9 ಜನ ‘ಬಿಡೋಣ’ ಅಂದರು. ಆಗ ಊರಿನ ಮನೆ ಸಾಲಕ್ಕೆ ತಿಂಗಳು ತಿಂಗಳು ಹಣ ಕಳಿಸುತ್ತಿದ್ದೆ. ಪೌಂಡಿಗೆ 100 ರೂಪಾಯಿ ಆಸುಪಾಸು ಇದ್ದದ್ದು ಆ ವರ್ಷ ಮುಗಿಯುವ ಹೊತ್ತಿಗೆ 84ರ ಹತ್ತಿರ ಬಂತು. ಸಂಬಳ ಅಷ್ಟೇ, ಊರಿಗೆ ಮುಟ್ಟುವುದು ಮಾತ್ರ ಕಡಿಮೆ. ಇನ್ನೂ ಯಾರೂ ಯಾವುದರಿಂದಲೂ ಹೊರಗೆ ಹೋಗಿರಲಿಲ್ಲ, ನೆನಪಿರಲಿ. ಹೊರಗೆ ಹೋದದ್ದು 2020ರ ಜನವರಿ 31ಕ್ಕೆ, ನಿಜವಾದ ಬೇಲಿ ಎದ್ದದ್ದು 2021ರ ಹೊಸ ವರ್ಷಕ್ಕೆ.

ಆ ಬೇಲಿ ನಮ್ಮ ಕೆಲಸಕ್ಕೆ ಹೇಗೆ ತಟ್ಟಿತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿನಗೆ ಅರ್ಥವಾಗುವ ವಿಷಯ. ಯೂನಿಯನ್‌ನ ಮಾರುಕಟ್ಟೆಗೆ ಹೋಗುವ ಪ್ರತಿ ಬ್ಯಾಚ್ ಔಷಧಕ್ಕೂ ಒಬ್ಬ ಕ್ಯೂಪಿ, ಅಂದರೆ ಗುಣಮಟ್ಟಕ್ಕೆ ಹೊಣೆ ಹೊರುವ ಅರ್ಹ ತಜ್ಞ, ಸಹಿ ಹಾಕಬೇಕು. ಆ ಕ್ಯೂಪಿ ಯೂನಿಯನ್ ಒಳಗೇ, ಇಲ್ಲವೇ ಅದಕ್ಕೆ ಅಂಟಿಕೊಂಡ ನಾರ್ವೆಯಂಥ ದೇಶದಲ್ಲಿ ಇರಬೇಕು. ಹೊರಗಿನಿಂದ ಬಂದ ಬ್ಯಾಚ್ ಆದರೆ ಒಳಗೆ ಬಂದ ಮೇಲೆ ಮತ್ತೊಮ್ಮೆ ಟೆಸ್ಟ್ ಆಗಬೇಕು. 2020ರವರೆಗೆ ಇಂಗ್ಲೆಂಡಿನಲ್ಲಿ ನಾವು ಮಾಡಿದ ಟೆಸ್ಟ್ ಜರ್ಮನಿಗೂ ನಡೆಯುತ್ತಿತ್ತು. ಬೇಲಿ ಎದ್ದ ಮೇಲೆ ಮಾತ್ರೆ ಅದೇ, ಮಷೀನ್ ಅದೇ, ಟೆಸ್ಟ್ ಮಾಡುವ ಕೈಯೂ ಅದೇ, ಆದರೆ ರಿಪೋರ್ಟ್ ನಡೆಯುವುದಿಲ್ಲ. ಬ್ರಿಟನ್ ಮಾತ್ರ ಯೂನಿಯನ್‌ನ ಟೆಸ್ಟ್‌ಗಳನ್ನು ಈಗಲೂ ಒಪ್ಪುತ್ತದೆ. ಒಪ್ಪದಿದ್ದರೆ ಅವರ ಔಷಧ ಅಂಗಡಿಗಳೇ ಖಾಲಿಯಾಗುತ್ತವಲ್ಲ! ಈಗ ನೀನೇ ಕಂಪನಿ ಮಾಲೀಕ ಅಂದುಕೋ, ಲ್ಯಾಬ್ ಎಲ್ಲಿ ಇಡುತ್ತೀಯ? ನಮ್ಮ ಕಂಪನಿ ಬೇಲಿ ಏಳುವವರೆಗೆ ಕಾಯಲಿಲ್ಲ. 2019ರಲ್ಲೇ ಔಷಧ ಟೆಸ್ಟ್ ಮಾಡುವ ಎಚ್‌ಪಿಎಲ್‌ಸಿ ಮಷೀನ್‌ಗಳಲ್ಲಿ ಅರ್ಧವನ್ನು ಮರದ ಪೆಟ್ಟಿಗೆಯಲ್ಲಿ ಕಟ್ಟಿ ಐರ್ಲೆಂಡಿಗೆ ಸಾಗಿಸಿತು. ಅವುಗಳ ಹಿಂದೆಯೇ ನಾನೂ ಬಂದೆ. ಯೂನಿಯನ್‌ನ ಔಷಧ ನಿಯಂತ್ರಣ ಸಂಸ್ಥೆ ಕೂಡ ಅದೇ ವರ್ಷ ಲಂಡನ್ ಬಿಟ್ಟು ಆಮ್‌ಸ್ಟರ್‌ಡ್ಯಾಮ್‌ಗೆ ಹೋಯಿತು.

ಬ್ರಿಟನ್ ಮುಳುಗಿತಾ ಅಂದರೆ, ಇಲ್ಲ. ಮುಳುಗುವುದು ಅಂದರೆ ಹೇಗಿರುತ್ತದೆ ಅಂತ 2010ರಲ್ಲಿ ಐರ್ಲೆಂಡೇ ತೋರಿಸಿದೆ, ಅದೂ ಯೂನಿಯನ್ ಒಳಗಿದ್ದುಕೊಂಡೇ. ಬ್ಯಾಂಕುಗಳು ಕುಸಿದು 85 ಬಿಲಿಯನ್ ಯೂರೊ ನೆರವಿನ ಪ್ಯಾಕೇಜು ಬೇಕಾಯಿತು, ಹುಡುಗರು ಗುಂಪುಗುಂಪಾಗಿ ಆಸ್ಟ್ರೇಲಿಯಾ, ಕೆನಡಾ ಅಂತ ಹೊರಟರು. ಗ್ರೀಸ್‌ನಲ್ಲಿ 2013ರ ಹೊತ್ತಿಗೆ ನಿರುದ್ಯೋಗ ಶೇ 27 ಮುಟ್ಟಿತ್ತು. ಬ್ರಿಟನ್‌ಗೆ ಆದದ್ದು ಅಂಥದ್ದಲ್ಲ. ಟೈರಿನಿಂದ ಗಾಳಿ ನಿಧಾನಕ್ಕೆ ಸೋರಿದ ಹಾಗೆ. ಗಾಡಿ ಓಡುತ್ತದೆ, ಓಟ ಮಾತ್ರ ಭಾರ. ಅಲ್ಲಿನ ಸರ್ಕಾರದ್ದೇ ಬಜೆಟ್ ಅಂದಾಜು ಸಂಸ್ಥೆ ಓಬಿಆರ್ ಪ್ರಕಾರ, ಒಳಗೇ ಉಳಿದಿದ್ದರೆ ಇರುತ್ತಿದ್ದ ಉತ್ಪಾದಕತೆಗಿಂತ ದೀರ್ಘಕಾಲದಲ್ಲಿ ಶೇ 4ರಷ್ಟು ಕಡಿಮೆ. ಒಂದು ದಿನದಲ್ಲಿ ಕಣ್ಣಿಗೆ ಕಾಣುವ ನಷ್ಟ ಅಲ್ಲ ಅದು. ಹೊರಗಿದ್ದದ್ದಕ್ಕೆ ಲಾಭವೂ ಆಗಿದೆ. 2025ರಲ್ಲಿ ಅಮೆರಿಕ ಸುಂಕ ಹಾಕಿದಾಗ ಬ್ರಿಟನ್ ಶೇ 10ಕ್ಕೆ ಒಪ್ಪಂದ ಮಾಡಿಕೊಂಡಿತು, ಯೂನಿಯನ್‌ಗೆ ಸಿಕ್ಕಿದ್ದು ಶೇ 15.

ಐರ್ಲೆಂಡ್ ಉದ್ಧಾರದ ಲೆಕ್ಕವನ್ನೂ ಕಣ್ಣು ಮುಚ್ಚಿ ನಂಬಬೇಡ. 2015ರಲ್ಲಿ ಈ ದೇಶದ ಜಿಡಿಪಿ ಒಂದೇ ವರ್ಷಕ್ಕೆ ಶೇ 26 ಏರಿತು ಅಂತ ಲೆಕ್ಕ ಬಂತು. ಬಸ್ ಡ್ರೈವರ್ ಸಂಬಳ ಏನೂ ಹಾಗೆ ಏರಲಿಲ್ಲ. ದೊಡ್ಡ ಕಂಪನಿಗಳು ತಮ್ಮ ಪೇಟೆಂಟ್‌ನಂಥ ಆಸ್ತಿಯನ್ನು ಕಾಗದದ ಮೇಲೆ ಇಲ್ಲಿಗೆ ತಂದಿಟ್ಟದ್ದರಿಂದ ಆದದ್ದು ಅದು. ಕಂಪನಿ ತೆರಿಗೆಯ ಅರ್ಧಕ್ಕಿಂತ ಜಾಸ್ತಿ ಕೇವಲ 10 ಕಂಪನಿಗಳಿಂದ ಬರುತ್ತದೆ, ಬಹುಪಾಲು ಅಮೆರಿಕದವು. ಇಡೀ ಮನೆ ಒಬ್ಬ ಅಳಿಯನ ಸಂಬಳದ ಮೇಲೆ ನಡೆದ ಹಾಗೆ! ಆದರೆ ಆ ಕಂಪನಿಗಳು ಇಲ್ಲಿಗೆ ಬಂದದ್ದು ಶೇ 12.5 ತೆರಿಗೆಗೆ ಮಾತ್ರ ಅಲ್ಲ. ಇಲ್ಲಿ ಮಾಡಿದ ಮಾಲು ಯೂನಿಯನ್ ಪೂರ್ತಿ ತಡೆಯಿಲ್ಲದೆ ಹೋಗುತ್ತದೆ ಅಂತಲೂ ಬಂದರು. 1973ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಒಂದೇ ದಿನ ಒಳಗೆ ಸೇರಿದವು, ಯಾಕೆಂದರೆ ಆಗ ಐರ್ಲೆಂಡಿನ ದನ, ಬೆಣ್ಣೆ ಎಲ್ಲ ಹೋಗುತ್ತಿದ್ದದ್ದು ಬ್ರಿಟನ್‌ಗೆ. ಬ್ರಿಟನ್ ಹೊರಟಾಗ ಹಿಂದೆ ಹೋಗುವ ಗರಜು ಇವರಿಗೆ ಇರಲಿಲ್ಲ. 2021ರ ಜನವರಿಯಲ್ಲೇ ರಾಸ್ಲೇರ್ ಬಂದರಿನಿಂದ ಫ್ರಾನ್ಸಿನ ಡಂಕರ್ಕ್‌ಗೆ ನೇರ ಹಡಗು ಶುರುವಾಯಿತು. ಮೊದಲು ಬ್ರಿಟನ್ ದಾಟಿ ಹೋಗುತ್ತಿದ್ದ ಎಷ್ಟೋ ಲಾರಿಗಳು ಈಗ ಒಂದು ದಿನ ಸಮುದ್ರದಲ್ಲಿ ಕಳೆದರೂ ಸರಿ ಅಂತ ಆ ದಾರಿ ಹಿಡಿಯುತ್ತವೆ. ಕಸ್ಟಮ್ಸ್ ಕಾಗದದ ಕಾಟ ಇಲ್ಲವಲ್ಲ.

ನಾರ್ವೆ, ಸ್ವಿಟ್ಜರ್ಲೆಂಡ್ ಹೊರಗಿದ್ದೇ ಶ್ರೀಮಂತವಾಗಿಲ್ವಾ ಅಂತ ನೀನು ಕೇಳುವ ಮೊದಲೇ ಹೇಳುತ್ತೇನೆ. ಅವು ಬೀದಿಯಲ್ಲಿಲ್ಲ, ಜಗಲಿ ಮೇಲೆ ಕೂತಿವೆ. ನಾರ್ವೆ ಜನ 1972ರಲ್ಲೂ 1994ರಲ್ಲೂ ಯೂನಿಯನ್ ಬೇಡ ಅಂದರು. ಆದರೂ ಅದರ ಮಾರುಕಟ್ಟೆ ನಿಯಮಗಳನ್ನು ಪಾಲಿಸುತ್ತಾರೆ, ಹಣವನ್ನೂ ಕೊಡುತ್ತಾರೆ, ನಿಯಮ ಮಾಡುವಾಗ ಮತ ಮಾತ್ರ ಇಲ್ಲ. ಅವರ ಸಿರಿವಂತಿಕೆಗೆ ಸಮುದ್ರದಡಿಯ ಎಣ್ಣೆ ಕಾರಣ, ಹೊರಗಿದ್ದದ್ದಲ್ಲ. ಸ್ವಿಟ್ಜರ್ಲೆಂಡ್ ಒಂದೊಂದು ವಿಷಯಕ್ಕೂ ಬೇರೆ ಬೇರೆ ಒಪ್ಪಂದ ಮಾಡಿಕೊಂಡಿದೆ. ಔಷಧದ ಒಪ್ಪಂದ ಇರುವುದರಿಂದ ಅಲ್ಲಿಂದ ಬಂದ ಬ್ಯಾಚ್ ಅನ್ನು ನಾವು ಇಲ್ಲಿ ಮತ್ತೆ ಟೆಸ್ಟ್ ಮಾಡುವುದಿಲ್ಲ. ಜಗಲಿಯ ಸುಖ ಅದು. ಆದರೆ 2021ರ ಮೇ 26ರಂದು ದೊಡ್ಡ ಒಪ್ಪಂದದ ಮಾತುಕತೆಯಿಂದ ಸ್ವಿಸ್ ಸರ್ಕಾರ ಎದ್ದು ಬಂತು. ಅವತ್ತೇ ಅವರ ವೈದ್ಯಕೀಯ ಉಪಕರಣಗಳಿಗೆ ಇದ್ದ ಸಲೀಸು ದಾರಿ ಮುಚ್ಚಿತು. ಜಗಲಿಯಿಂದ ಏಳಿಸುವ ಅಧಿಕಾರ ಮನೆಯವರದ್ದೇ. ನಿನಗಂತೂ ಅಲ್ಲಿ ಇನ್ನೊಂದು ತೊಡಕಿದೆ. ಯುರೋಪಿನ ಹೊರಗಿನವರಿಗೆ ವರ್ಷಕ್ಕೆ 8,500 ಪರ್ಮಿಟ್ ಅಂತ ಕೋಟಾ.

ಈಗ ನಿನ್ನ ಜೇಬಿನ ವಿಷಯ. ಬ್ರಿಟನ್ ವೀಸಾ ಅರ್ಜಿ ಜೊತೆಗೇ ಆರೋಗ್ಯ ಶುಲ್ಕ ಕಟ್ಟಬೇಕು, ಒಬ್ಬರಿಗೆ ವರ್ಷಕ್ಕೆ 1,035 ಪೌಂಡ್. ನೀನು, ನಿನ್ನ ಹೆಂಡತಿ, ಮೂರು ವರ್ಷ ಅಂದರೆ ಮುಂಚಿತವಾಗಿ 6,210 ಪೌಂಡ್. ಇದನ್ನು ಕಂಪನಿ ಕೊಡುತ್ತದಾ ಅಂತ ಬರವಣಿಗೆಯಲ್ಲಿ ಕೇಳು. ಆಮೇಲೆ ಡಾಕ್ಟರ್‌ಗೆ ದುಡ್ಡಿಲ್ಲ. ಕಾರ್ಕ್‌ನಲ್ಲಿ ಆ ಶುಲ್ಕ ಇಲ್ಲ, ಆದರೆ ಕೆಮ್ಮು ಅಂತ ಹೋದರೂ 60 ಯೂರೊ ಆಸುಪಾಸು ಬಿಚ್ಚಬೇಕು. ಮನೆ ಬಾಡಿಗೆಯಲ್ಲಿ ಕಾರ್ಕ್ ನಿನ್ನನ್ನು ಅಳಿಸುತ್ತದೆ. ಉತ್ತರ ಇಂಗ್ಲೆಂಡಿನಲ್ಲಿ ನಾವು ಒಂದು ಪೂರ್ತಿ ಮನೆಗೆ ಕೊಡುತ್ತಿದ್ದ ಬಾಡಿಗೆಗೆ ಇಲ್ಲಿ ಬರೀ ರೂಮು ಸಿಕ್ಕಿತು. ಎರಡು ಬೆಡ್‌ರೂಮಿನ ಒಂದು ಮನೆ ನೋಡಲು ಹೋದಾಗ ಮಳೆಯಲ್ಲಿ ಮೂವತ್ತು ಜನ ಸಾಲು ನಿಂತಿದ್ದರು. ಬ್ರೋಕರ್ ನನ್ನ ಹೆಸರನ್ನೂ ಪೂರ್ತಿ ಬರೆದುಕೊಳ್ಳಲಿಲ್ಲ. ಮನೆ ಸಿಗಲು ಐದು ತಿಂಗಳು ಬೇಕಾಯಿತು.

ಆದರೂ ನಾನಾದರೆ ಕಾರ್ಕ್ ಅನ್ನುತ್ತೇನೆ, ಅದೂ ಒಂದು ಷರತ್ತಿನ ಮೇಲೆ. ಕೊರತೆಯಿರುವ ಕೌಶಲದವರಿಗೆ ಕೊಡುವ ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್ ಆದರೆ ಎರಡು ವರ್ಷಕ್ಕೆ ಸ್ಟ್ಯಾಂಪ್ 4 ಎಂಬ ವಾಸದ ಅನುಮತಿ ಸಿಗುತ್ತದೆ, ಆಮೇಲೆ ಕಂಪನಿಯ ಹಂಗಿಲ್ಲ. ಜನರಲ್ ಪರ್ಮಿಟ್ ಆದರೆ ಐದು ವರ್ಷ. ಬ್ರಿಟನ್‌ನಲ್ಲಿ ಕಾಯಂ ನೆಲೆಗೆ ಐದು ವರ್ಷ ಇತ್ತು, 2025ರಲ್ಲಿ ಅದನ್ನು ಹತ್ತು ಮಾಡುವ ಪ್ರಸ್ತಾಪವನ್ನು ಸರ್ಕಾರ ಮುಂದಿಟ್ಟಿತು. ಇಲ್ಲಿ ಐದು ವರ್ಷ ಇದ್ದು ಐರಿಶ್ ಪಾಸ್‌ಪೋರ್ಟ್ ಪಡೆದರೆ ಯೂನಿಯನ್ ಪೂರ್ತಿ ನಿನ್ನದು. ಜೊತೆಗೆ ಎರಡು ದೇಶಗಳ ಹಳೆಯ ಒಪ್ಪಂದದಿಂದ ಬ್ರಿಟನ್‌ನಲ್ಲೂ ಇರಬಹುದು, ದುಡಿಯಬಹುದು. ಜರ್ಮನಿಯ ಆಸೆ ಆಗ ಇಟ್ಟುಕೋ. ಅದಕ್ಕೆ ಬದಲಾಗಿ ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಡಬೇಕು. ನನಗೆ ಇನ್ನೂ ಆ ಅರ್ಜಿಗೆ ಸಹಿ ಹಾಕಲು ಕೈ ಬಂದಿಲ್ಲ.

ಕಾರ್ಕ್‌ನ ಆಫರ್ ಲೆಟರ್ ತೆಗೆದು ಪರ್ಮಿಟ್ ಯಾವುದು ಅಂತ ಬರೆದಿದೆಯಾ ನೋಡು, ಇಲ್ಲದಿದ್ದರೆ ಎಚ್‌ಆರ್‌ಗೆ ಇವತ್ತೇ ಮೇಲ್ ಹಾಕು. ಇಂಗ್ಲೆಂಡಿನವರಿಗೆ ಇನ್ನೊಂದು ಪ್ರಶ್ನೆ: ಯೂನಿಯನ್‌ಗೆ ಹೋಗುವ ಅವರ ಬ್ಯಾಚ್‌ಗಳನ್ನು ಯಾವ ಊರಿನಲ್ಲಿ ಸಹಿ ಹಾಕಿ ರಿಲೀಸ್ ಮಾಡುತ್ತಾರೆ? ಇಬ್ಬರ ಉತ್ತರವೂ ಬಂದ ಮೇಲೆ ನನಗೆ ಬರೆ.