ಮೆಶ್ ಬಗ್ಗೆ ನೀವು ಕಳಿಸಿದ ಲೇಖನ: ಸಂಪಾದಕರ ಉತ್ತರ

ಪ್ರಿಯ ಲೇಖಕರೇ, ನಮಸ್ಕಾರ.

‘ದ್ರವ ಸಿಮ್ಯುಲೇಶನ್‌ಗೆ ಜಿಯೊಮೆಟ್ರಿ ಮತ್ತು ಮೆಶ್: ಹೊಸಬರಿಗೆ ಕೈಪಿಡಿ’ ಎಂಬ ನಿಮ್ಮ ಲೇಖನವನ್ನು, ಅಂದರೆ ಹರಿವನ್ನು ಲೆಕ್ಕ ಹಾಕಲು ದ್ರವದ ಜಾಗವನ್ನು ಸೆಲ್ ಎಂಬ ಚಿಕ್ಕ ತುಂಡುಗಳ ಜಾಲವಾಗಿ (ಮೆಶ್) ಒಡೆಯುವ ಬಗೆ ಹೇಳುವ ಲೇಖನವನ್ನು, ಪೂರ್ತಿ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಎರಡು ಸಾಲಿನ ವಿಷಾದ ಪತ್ರ ಬರೆದು ಮುಗಿಸಲು ಮನಸ್ಸಾಗಲಿಲ್ಲ. ಈ ವಿಷಯವನ್ನು ಚೆನ್ನಾಗಿ ಬರೆಯುವ ಶಕ್ತಿ ನಿಮಗಿದೆ ಅನ್ನುವುದು ಏಳನೇ ಪುಟ ಓದಿದಾಗ ಗೊತ್ತಾಯಿತು. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲು ಆ ಏಳನೇ ಪುಟದ ಮಾತು. ಬಾಗಿದ ಪೈಪೊಂದರ ಸ್ಟೆಪ್ ಫೈಲ್ (ಕಂಪ್ಯೂಟರ್‌ನಲ್ಲಿ ಬರೆದ ಆಕಾರದ ಫೈಲ್) ತೆರೆದು ಮೆಶ್ ಮಾಡಿದಿರಿ. ಎಲ್ಲ ಕಡೆ ಸೆಲ್‌ಗಳು ಒಂದೇ ಅಳತೆಯಲ್ಲಿ ಬಂದವು, ಒಂದು ಮೂಲೆಯಲ್ಲಿ ಮಾತ್ರ ಕಿಕ್ಕಿರಿದು ತುಂಬಿಕೊಂಡವು. ದೊಡ್ಡದು ಮಾಡಿ ನೋಡಿದರೆ ಎರಡು ಮೇಲ್ಮೈಗಳ ನಡುವೆ ಕೂದಲೆಳೆ ಅಗಲದ ಒಂದು ಚೂರು ಮೇಲ್ಮೈ ಸಿಕ್ಕಿಕೊಂಡಿತ್ತು. ಅಂಚನ್ನು ದುಂಡಗೆ ಮಾಡುವಾಗ ಹುಟ್ಟಿದ ಚೂರು ಅದು. ಕಣ್ಣಿಗೆ ಕಾಣದಿದ್ದರೂ ಮೆಶರ್‌ಗೆ ಅದೂ ಒಂದು ಮೇಲ್ಮೈಯೇ. ಅದರ ಅಗಲಕ್ಕೆ ತಕ್ಕ ಸೆಲ್ ಹಾಕಲೇಬೇಕು. ನೀವು ದುಂಡನ್ನು ತೆಗೆದಿರಿ, ಮೆಶ್ ಸರಿಹೋಯಿತು. ಇಡೀ ಲೇಖನದಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟು ಓದಿದ ಭಾಗ ಇದೊಂದೇ. ಇಲ್ಲಿ ಒಂದು ತೊಂದರೆ ಇದೆ, ಅದರ ಕಾರಣ ಇದೆ, ಹುಡುಕಿದ ದಾರಿ ಇದೆ. ಹೊಸದಾಗಿ ಕಲಿಯುವವರಿಗೆ ಬೇಕಾಗಿರುವುದು ಇದೇ ಅಲ್ವಾ?

ಉಳಿದ ಪುಟಗಳಲ್ಲಿ ಇದಿಲ್ಲ. ಮೊದಲ ಎರಡು ಪುಟ ದ್ರವದ ಚಲನೆಯನ್ನು ಹೇಳುವ ನೇವಿಯರ್-ಸ್ಟೋಕ್ಸ್ ಸಮೀಕರಣದ ಪರಿಚಯ. ತೆಗೆದುಬಿಡಿ. ಮೆಶ್ ಮಾಡಲು ಕೂತವರಿಗೆ ಅದು ಗೊತ್ತಿರುತ್ತದೆ, ಗೊತ್ತಿಲ್ಲದಿದ್ದರೆ ಎರಡು ಪುಟದಲ್ಲಿ ಗೊತ್ತಾಗುವುದೂ ಇಲ್ಲ. ಆಮೇಲೆ ಒಂಬತ್ತು ತಂತ್ರಾಂಶಗಳು ಬರುತ್ತವೆ, ಒಂದೊಂದಕ್ಕೂ ಒಂದು ಪ್ಯಾರಾ. ಯಾವುದು ಉಚಿತ, ಯಾವುದು ಯಾವ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಓಡುತ್ತದೆ ಅನ್ನುವ ಮಾಹಿತಿಯೆಲ್ಲ ಇದೆ. ಆದರೆ ಓದಿ ಮುಗಿಸಿದವರು ನಾಳೆ ಬೆಳಗ್ಗೆ ಯಾವುದನ್ನು ತೆರೆಯಬೇಕು ಅಂತ ನೀವು ಹೇಳಿಲ್ಲ. ನಿಮಗೆ ಅಭಿಪ್ರಾಯ ಇಲ್ಲದೆ ಇಲ್ಲ. ಏಳನೇ ಪುಟದಲ್ಲಿ ಕೆಲಸ ಮಾಡಿದ್ದು ಜಿಮೆಶ್‌ನಲ್ಲಿ. ಹಾಗಿದ್ದರೆ ಅದನ್ನೇ ಹೇಳಿ, ಯಾಕೆ ಅಂತಲೂ ಹೇಳಿ.

ನನ್ನ ಅಭಿಪ್ರಾಯ ಕೇಳಿದರೆ, ಶುರು ಮಾಡಲು ಜಿಮೆಶ್ ಸಾಕು. ಕ್ರಿಸ್ಟೋಫ್ ಗೂಜೆನ್ ಮತ್ತು ಜಾನ್-ಫ್ರಾನ್ಸ್ವಾ ರೆಮಾಕ್ಲ್ ಬೆಳೆಸಿದ ಮುಕ್ತ ತಂತ್ರಾಂಶ ಅದು. ಚಿತ್ರ ಬರೆಯುವುದು, ಮೆಶ್ ಮಾಡುವುದು, ನೋಡುವುದು ಮೂರೂ ಅದರಲ್ಲೇ ಆಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಿದ್ದೆಲ್ಲ ಒಂದು ಪುಟ್ಟ ಟೆಕ್ಸ್ಟ್ ಫೈಲ್‌ನಲ್ಲಿ ಉಳಿಯುತ್ತದೆ. ಮೌಸ್ ಎಲ್ಲಿ ಒತ್ತಿದೆ ಅಂತ ನೆನಪಿಡಬೇಕಿಲ್ಲ. ಒಂದು ಸಂಖ್ಯೆ ಬದಲಿಸಿ ಮತ್ತೆ ಓಡಿಸಬಹುದು. ಸಲೋಮೆ ಎಂಬ ಇನ್ನೊಂದು ತಂತ್ರಾಂಶ ಒಳ್ಳೆಯದೇ, ಆದರೆ ದೊಡ್ಡದು. ಮೊದಲ ದಿನವೇ ಮೆನುಗಳಲ್ಲಿ ದಾರಿ ತಪ್ಪುತ್ತದೆ. ಹರಿವಿನ ಲೆಕ್ಕ ಮಾಡುವ ಓಪನ್‌ಫೋಮ್ ತಂತ್ರಾಂಶದ ಬ್ಲಾಕ್‌ಮೆಶ್‌ನಲ್ಲಿ ಪ್ರತಿ ಮೂಲೆಯನ್ನೂ ಕೈಯಾರೆ ಬರೆಯಬೇಕು. ಚೌಕಾಕಾರದ ಡೊಮೇನ್‌ಗೆ (ಲೆಕ್ಕ ಹಾಕುವ ಜಾಗಕ್ಕೆ) ಅದಕ್ಕಿಂತ ಒಳ್ಳೆಯದಿಲ್ಲ, ವಕ್ರ ಆಕಾರ ಬಂದಾಗ ಕಷ್ಟ. ಆಕಾರ ಬರೆಯುವ ಫ್ರೀಕ್ಯಾಡ್ ಬೇಕಾಗುವುದು ಆಕಾರ ನಿಜಕ್ಕೂ ಜಟಿಲವಾದಾಗ. ಇಷ್ಟನ್ನು ಒಂದು ಪ್ಯಾರಾದಲ್ಲಿ ಹೇಳಿ ಮುಂದೆ ಹೋಗಿ. ಒಂಬತ್ತರ ಪಟ್ಟಿ ಬೇಡ.

ಈಗ ತಪ್ಪುಗಳಿಗೆ ಬರೋಣ. ಇವು ಶೈಲಿಯ ತಪ್ಪುಗಳಲ್ಲ, ಓದುಗರ ಕೆಲಸ ಕೆಡಿಸುವ ತಪ್ಪುಗಳು.

ನಾಲ್ಕನೇ ಪುಟದಲ್ಲಿ ಪೈಪ್ ಮಾಡುವ ವಿಧಾನ ಕೊಟ್ಟಿದ್ದೀರಿ. ಹೊರಗಿನ ಸಿಲಿಂಡರ್, ಒಳಗಿನ ಸಿಲಿಂಡರ್, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ, ಮೆಶ್ ಮಾಡಿ ಅಂತ. ನೀವು ಹೇಳಿದ ಹಾಗೇ ಮಾಡಿದರೆ ಸಿಗುವುದು ಪೈಪಿನ ಲೋಹದ ಮೆಶ್. ನೀರು ಹರಿಯುವ ಜಾಗ ಖಾಲಿ ಉಳಿಯುತ್ತದೆ. ಹರಿವಿನ ಸಮೀಕರಣ ಬಿಡಿಸುವ ಸಾಲ್ವರ್‌ಗೆ ಬೇಕಾದದ್ದು ಆ ಖಾಲಿ ಜಾಗವೇ. ವಸ್ತುವಿನ ಚಿತ್ರ ಬರೆದು ಅಭ್ಯಾಸ ಇರುವವರೆಲ್ಲ ಇಲ್ಲಿ ಎಡವುತ್ತಾರೆ. ಯಾಕೆಂದರೆ ಕ್ಯಾಡ್ ತಂತ್ರಾಂಶ ಇರುವುದೇ ವಸ್ತುವನ್ನು ಮಾಡಲು. ಪೈಪಿನೊಳಗಿನ ಹರಿವಿಗೆ ಒಳಗಿನ ಸಿಲಿಂಡರ್ ಒಂದೇ ಸಾಕು, ಹೊರಗಿನದು ಬೇಕೇ ಇಲ್ಲ. ರೆಕ್ಕೆಯ ಸುತ್ತಲಿನ ಹರಿವಾದರೆ ಒಂದು ದೊಡ್ಡ ಪೆಟ್ಟಿಗೆ ಮಾಡಿ ಅದರಿಂದ ರೆಕ್ಕೆಯನ್ನು ಕಳೆಯಬೇಕು. ಓಪನ್‌ಫೋಮ್‌ನ ಇನ್ನೊಂದು ಮೆಶ್ ಸಾಧನವಾದ ಸ್ನ್ಯಾಪಿಹೆಕ್ಸ್‌ಮೆಶ್ ಬಳಸುವವರಿಗೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಯಾವ ಕಡೆಯ ಸೆಲ್‌ಗಳನ್ನು ಉಳಿಸಬೇಕು ಅಂತ ಒಂದು ಬಿಂದು ಕೊಟ್ಟು ಹೇಳಬೇಕು. ಆ ಬಿಂದುವನ್ನು ವಸ್ತುವಿನ ಒಳಗೆ ಇಟ್ಟರೆ ಒಳಗಿನದೇ ಉಳಿಯುತ್ತದೆ. ನಿಮ್ಮ ಲೇಖನ ಈ ಒಂದು ವಿಷಯವನ್ನು ಸರಿಯಾಗಿ ಬಿಡಿಸಿ ಹೇಳಿದರೂ ಸಾಕು, ಎಷ್ಟೋ ಜನರ ಸಮಯ ಉಳಿಯುತ್ತದೆ.

‘ಎಸ್‌ಟಿಎಲ್ ಅಥವಾ ಸ್ಟೆಪ್, ಯಾವುದಾದರೂ ಸರಿ’ ಎಂದು ಬರೆದಿದ್ದೀರಿ. ಹಾಗಲ್ಲ. ಸ್ಟೆಪ್ ಫೈಲ್‌ನಲ್ಲಿ ವೃತ್ತ ವೃತ್ತವಾಗಿಯೇ ಇರುತ್ತದೆ, ಅಳತೆಯ ಮಾನವೂ ಇರುತ್ತದೆ. ಎಸ್‌ಟಿಎಲ್‌ನಲ್ಲಿ ಇರುವುದು ತ್ರಿಕೋನಗಳು ಮಾತ್ರ, ಮಾನ ಇಲ್ಲವೇ ಇಲ್ಲ. ಮಿಲಿಮೀಟರ್‌ನಲ್ಲಿ ಬರೆದ 50ರ ಪೈಪನ್ನು ಓಪನ್‌ಫೋಮ್ 50 ಮೀಟರ್ ಅಂತಲೇ ಓದುತ್ತದೆ. ವೇಗ, ಅಳತೆ, ಸ್ನಿಗ್ಧತೆಗಳಿಂದ ಹರಿವಿನ ಸ್ವಭಾವ ಹೇಳುವ ರೆನಾಲ್ಡ್ಸ್ ಸಂಖ್ಯೆ ಸಾವಿರ ಪಟ್ಟು ಏರುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಮೆಶ್ ಪರೀಕ್ಷಿಸುವ ಚೆಕ್‌ಮೆಶ್ ಓಡಿಸಿದಾಗ ಡೊಮೇನ್ ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಒಂದು ಸಾಲು ಬರುತ್ತದೆ. ಬೇರೆ ಏನನ್ನೂ ನೋಡುವ ಮೊದಲು ಆ ಸಾಲು ನೋಡಿ ಅಂತ ಓದುಗರಿಗೆ ಹೇಳಿ.

‘ಗೋಡೆಯ ಹತ್ತಿರ ಸೆಲ್ ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು’ ಎಂಬ ವಾಕ್ಯ ಪೂರ್ತಿ ತಪ್ಪಲ್ಲ, ಆದರೆ ಹಾಗೇ ಬಿಟ್ಟರೆ ಅಪಾಯ. ಟರ್ಬ್ಯುಲೆಂಟ್ (ಸುಳಿಗಳೆದ್ದು ಕದಡಿದ) ಹರಿವಿನಲ್ಲಿ ಎರಡು ದಾರಿ ಇವೆ. ಗೋಡೆಯವರೆಗೂ ಲೆಕ್ಕ ಹಾಕುವುದಾದರೆ ಮೊದಲ ಸೆಲ್‌ನ ವೈ ಪ್ಲಸ್ (ಗೋಡೆಯಿಂದ ಇರುವ ದೂರವನ್ನು ಮಾನವಿಲ್ಲದ ಸಂಖ್ಯೆಯಾಗಿ ಹೇಳುವ ಅಳತೆ) ಸುಮಾರು 1 ಇರಬೇಕು. ಗೋಡೆಗೆ ಅಂಟಿದ ಹರಿವನ್ನು ಲೆಕ್ಕ ಹಾಕದೆ ಸೂತ್ರದಿಂದ ಅಂದಾಜಿಸುವ ವಾಲ್ ಫಂಕ್ಷನ್ ಬಳಸುವುದಾದರೆ 30ಕ್ಕಿಂತ ಮೇಲೆ ಇರಬೇಕು. ವಾಲ್ ಫಂಕ್ಷನ್ ಹಾಕಿಕೊಂಡು, ಒಳ್ಳೆಯದಾಗಲಿ ಅಂತ ಸೆಲ್ ಚಿಕ್ಕದು ಮಾಡುತ್ತಾ ಹೋದರೆ ವೈ ಪ್ಲಸ್ 10ರ ಆಸುಪಾಸು ಬಂದು ನಿಲ್ಲುತ್ತದೆ. ಅಲ್ಲಿ ಗೋಡೆಗೆ ಅಂಟಿದ ಪದರದ ಸೂತ್ರವೂ ಅದರಾಚೆಯ ಪದರದ ಸೂತ್ರವೂ ಸರಿಯಾಗಿ ಹೊಂದುವುದಿಲ್ಲ. ಇದನ್ನು ಬರೀ ಮಾತಲ್ಲಿ ಹೇಳಬೇಡಿ, ಒಂದು ಲೆಕ್ಕ ತೋರಿಸಿ. ಒಂದು ಮೀಟರ್ ಉದ್ದದ ಚಪ್ಪಟೆ ಹಲಗೆಯ ಮೇಲೆ ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಅಂದುಕೊಳ್ಳಿ. ರೆನಾಲ್ಡ್ಸ್ ಸಂಖ್ಯೆ ಆರೂವರೆ ಲಕ್ಷದಷ್ಟಾಗುತ್ತದೆ. ಸಾಮಾನ್ಯ ಘರ್ಷಣೆ ಸೂತ್ರ ಹಾಕಿದರೆ, ವೈ ಪ್ಲಸ್ 1 ಬರಲು ಮೊದಲ ಸೆಲ್‌ನ ಮಧ್ಯಬಿಂದು ಗೋಡೆಯಿಂದ ಸುಮಾರು 0.034 ಮಿಲಿಮೀಟರ್ ದೂರದಲ್ಲಿ ಇರಬೇಕು. 30 ಬರಲು ಸುಮಾರು 1 ಮಿಲಿಮೀಟರ್ ಸಾಕು. ಹಲಗೆಯ ಕೊನೆಯಲ್ಲಿ ಬೌಂಡರಿ ಲೇಯರ್ (ಗೋಡೆಯಿಂದಾಗಿ ವೇಗ ತಗ್ಗಿದ ಪದರ) ದಪ್ಪ 25 ಮಿಲಿಮೀಟರ್ ಆಸುಪಾಸು. ಪದರದಿಂದ ಪದರಕ್ಕೆ 1.2 ಪಟ್ಟು ಬೆಳೆಸುತ್ತಾ ಹೋದರೆ, ಮೊದಲ ದಾರಿಯಲ್ಲಿ ಅಷ್ಟು ದಪ್ಪ ತುಂಬಲು 24 ಪದರ ಬೇಕು. ಇಷ್ಟು ನೋಡಿದ ಓದುಗರಿಗೆ ಪದರಗಳ ಸಂಖ್ಯೆ ಎಲ್ಲಿಂದ ಬರುತ್ತದೆ ಅನ್ನುವುದು ತಾನಾಗಿ ಅರ್ಥವಾಗುತ್ತದೆ.

ಆದರೆ ಇದೂ ಈ ಲೇಖನಕ್ಕೆ ಬೇಡ ಅನ್ನುವುದು ನನ್ನ ಸಲಹೆ. ಮುಂದಿನದಕ್ಕೆ ಇಟ್ಟುಕೊಳ್ಳಿ. ಮೊದಲ ಮೆಶ್ ಮಾಡುವವರಿಗೆ ಟರ್ಬ್ಯುಲೆನ್ಸ್ ತಲೆಬಿಸಿ ಇರಬಾರದು.

ಹಾಗಾದರೆ ಏನು ಬರೆಯಬೇಕು? ಒಂದೇ ಒಂದು ಹರಿವು ತೆಗೆದುಕೊಳ್ಳಿ. ಉತ್ತರ ಮೊದಲೇ ಗೊತ್ತಿರುವ ಹರಿವು. ಅದನ್ನು ಖಾಲಿ ಪರದೆಯಿಂದ ಕೊನೆಯ ಸಂಖ್ಯೆಯವರೆಗೆ ಓದುಗರ ಜೊತೆ ಕೂತು ಮಾಡಿ. ಮೆಶ್ ಸರಿಯಿದೆಯಾ ಇಲ್ಲವಾ ಅಂತ ಹೇಳುವುದು ಕೊನೆಗೆ ಆ ಸಂಖ್ಯೆಯೇ, ಚಿತ್ರ ಅಲ್ಲ. ನಿಮ್ಮ ಲೇಖನ ಚೆಕ್‌ಮೆಶ್ ‘ಮೆಶ್ ಓಕೆ’ ಅಂದ ಪರದೆಯ ಚಿತ್ರದೊಂದಿಗೆ ಮುಗಿಯುತ್ತದೆ. ಸೆಲ್‌ಗಳು ಮುರಿದಿಲ್ಲ, ತಿರುಗುಮುರುಗಾಗಿಲ್ಲ ಅನ್ನುವಷ್ಟೇ ಅದರ ಅರ್ಥ. ಮುಖಗಳ ಓರೆ 70 ಡಿಗ್ರಿ ದಾಟಿದ್ದರೂ ಎಷ್ಟು ಮುಖ ದಾಟಿವೆ ಅಂತ ಎಣಿಸಿ ಹೇಳಿ, ಕೊನೆಗೆ ಓಕೆ ಅನ್ನಬಹುದು. ಹರಿವನ್ನು ಹಿಡಿಯುವಷ್ಟು ಸೆಲ್‌ಗಳು ಬೇಕಾದ ಕಡೆ ಇವೆಯಾ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

ಹರಿವು ಯಾವುದು ಅಂತ ಹುಡುಕಬೇಕಿಲ್ಲ. ಶೇಫರ್ ಮತ್ತು ಟುರೆಕ್ 1996ರಲ್ಲಿ ಪ್ರಕಟಿಸಿದ, ಕಾಲುವೆಯೊಳಗಿನ ಸಿಲಿಂಡರ್‌ನ ಪರೀಕ್ಷಾ ಸಮಸ್ಯೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎರಡು ಆಯಾಮದ್ದು. ಕಾಲುವೆ 2.2 ಮೀಟರ್ ಉದ್ದ, 0.41 ಮೀಟರ್ ಎತ್ತರ. ಸಿಲಿಂಡರ್‌ನ ವ್ಯಾಸ 0.1, ಕೇಂದ್ರ ಎರಡೂ ದಿಕ್ಕಿನಲ್ಲಿ 0.2. ಒಳಬರುವ ವೇಗ ಪ್ಯಾರಾಬೋಲಾ ಆಕಾರದ್ದು, ನಡುವೆ 0.3, ಸರಾಸರಿ 0.2. ಚಲನ ಸ್ನಿಗ್ಧತೆ (ದ್ರವದ ಜಿಗುಟನ್ನು ಸಾಂದ್ರತೆಯಿಂದ ಭಾಗಿಸಿದ್ದು) 0.001. ರೆನಾಲ್ಡ್ಸ್ ಸಂಖ್ಯೆ 20. ಹರಿವು ಶಾಂತವಾಗಿ ನೆಲೆ ನಿಲ್ಲುತ್ತದೆ. ಹರಿವಿನ ದಿಕ್ಕಿನ ಎಳೆತ ಹೇಳುವ ಡ್ರ್ಯಾಗ್ ಗುಣಾಂಕ 5.58, ಅದಕ್ಕೆ ಅಡ್ಡಲಾದ ಬಲ ಹೇಳುವ ಲಿಫ್ಟ್ ಗುಣಾಂಕ 0.0106 ಬರಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಎತ್ತರ 0.41 ಇದ್ದಾಗ ಮಧ್ಯ 0.205 ಆಗಬೇಕಿತ್ತು. ಕೇಂದ್ರ 0.2ರಲ್ಲಿದೆ. ಓದುಗರು ಅಚ್ಚಿನ ತಪ್ಪು ಅಂದುಕೊಂಡು ತಿದ್ದಿಬಿಡುತ್ತಾರೆ. ತಿದ್ದಬಾರದು. ಆ 0.005ರ ಓರೆಯಿಂದಲೇ ಮೇಲೆ ಕೆಳಗೆ ಹರಿವು ಸಮ ಆಗದೆ ಅಷ್ಟು ಚಿಕ್ಕ ಲಿಫ್ಟ್ ಹುಟ್ಟುವುದು. ಮೆಶ್ ಒರಟಾಗಿದ್ದರೆ ಡ್ರ್ಯಾಗ್ ಹೇಗೋ ಹತ್ತಿರ ಬಂದುಬಿಡಬಹುದು. ಲಿಫ್ಟ್ ಅಷ್ಟು ಸುಲಭಕ್ಕೆ ಬರುವುದಿಲ್ಲ. ಅದಕ್ಕೇ ಈ ಸಮಸ್ಯೆ ನನಗೆ ಇಷ್ಟ.

ಜಿಮೆಶ್‌ನಲ್ಲಿ ಓಪನ್‌ಕ್ಯಾಸ್ಕೇಡ್ ಕರ್ನಲ್ (ಆಕಾರ ಕಟ್ಟುವ ಒಳಗಿನ ಭಾಗ) ಆರಿಸಿ, ಒಂದು ಆಯತ, ಒಂದು ತಟ್ಟೆ, ಆಯತದಿಂದ ತಟ್ಟೆಯನ್ನು ಕಳೆಯುವ ಒಂದು ಸಾಲು. ಜಿಯೊಮೆಟ್ರಿ ಮುಗಿಯಿತು. ಉಳಿದ ಜಾಗವೇ ದ್ರವ ಅನ್ನುವ ಮಾತು ಇಲ್ಲಿ ಓದುಗರ ಕೈಯಿಂದಲೇ ಆಗಿಬಿಡುತ್ತದೆ, ನೀವು ಉಪದೇಶ ಮಾಡಬೇಕಿಲ್ಲ. ಓಪನ್‌ಫೋಮ್‌ಗೆ ಎರಡು ಆಯಾಮ ಅಂದರೂ ಒಂದು ಸೆಲ್ ದಪ್ಪ ಬೇಕು. ಅದಕ್ಕೆ ಒಂದೇ ಪದರದಲ್ಲಿ ಎಳೆದು ದಪ್ಪ ಕೊಡಬೇಕು. ಹಾಗೆ ಎಳೆಯುವಾಗ ರಿಕಂಬೈನ್ (ಪದರದ ಸೆಲ್‌ಗಳನ್ನು ಚೂರಾಗಿ ಒಡೆಯದೆ ಇಡುವ ಆಜ್ಞೆ) ಅಂತ ಸೇರಿಸುವುದನ್ನು ಮರೆಯಬೇಡಿ.

ಆಮೇಲೆ ಹೆಸರಿಡುವ ಕೆಲಸ. ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ, ನಿಮ್ಮ ಲೇಖನದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ. ಒಳಬಾಗಿಲು, ಹೊರಬಾಗಿಲು, ಗೋಡೆಗಳು, ಸಿಲಿಂಡರ್, ಮುಂದಿನ ಹಿಂದಿನ ಮುಖಗಳು, ಇವಕ್ಕೆಲ್ಲ ಫಿಸಿಕಲ್ ಗ್ರೂಪ್ ಹೆಸರು ಕೊಡುತ್ತಾರೆ. ವಾಲ್ಯೂಮ್‌ಗೆ (ಒಳಗಿನ ದ್ರವದ ಜಾಗಕ್ಕೆ) ಕೊಡುವುದನ್ನು ಬಿಡುತ್ತಾರೆ. ಒಂದು ಗ್ರೂಪ್‌ಗಾದರೂ ಹೆಸರು ಕೊಟ್ಟರೆ, ಹೆಸರಿರುವುದನ್ನು ಮಾತ್ರ ಜಿಮೆಶ್ ಫೈಲ್‌ಗೆ ಬರೆಯುತ್ತದೆ. ಪರದೆ ಮೇಲೆ ಮೆಶ್ ಪೂರ್ತಿ ಕಾಣುತ್ತದೆ, ಫೈಲ್‌ನಲ್ಲಿ ಮೇಲ್ಮೈಗಳು ಮಾತ್ರ ಇರುತ್ತವೆ. ಓಪನ್‌ಫೋಮ್‌ಗೆ ಬದಲಿಸುವಾಗ ಸೆಲ್ಲೇ ಇಲ್ಲ ಅಂತ ತಕರಾರು. ಬದಲಾಗಿ ಬಂದಮೇಲೂ ಎಲ್ಲ ಪ್ಯಾಚ್‌ಗಳು (ಹೆಸರಿಟ್ಟ ಮೇಲ್ಮೈಗಳು) ಒಂದೇ ಸಾಮಾನ್ಯ ಬಗೆಯಾಗಿ ಬಂದಿರುತ್ತವೆ. ಬೌಂಡರಿ ಫೈಲ್ ತೆರೆದು ಗೋಡೆಗಳನ್ನು ವಾಲ್ ಅಂತ, ಮುಂದಿನ ಹಿಂದಿನ ಮುಖಗಳನ್ನು ಎಂಪ್ಟಿ (ಆ ದಿಕ್ಕಿನಲ್ಲಿ ಲೆಕ್ಕ ಬೇಡ ಅನ್ನುವ ಗುರುತು) ಅಂತ ಕೈಯಾರೆ ಬದಲಿಸಬೇಕು. ಈ ಭಾಗವನ್ನು ನಿಧಾನವಾಗಿ ಬರೆಯಿರಿ. ಏಳನೇ ಪುಟದ ಥರ ಬರೆಯಿರಿ.

ಸಿಲಿಂಡರ್ ಸುತ್ತ ಎಷ್ಟು ಭಾಗ ಮಾಡಬೇಕು ಅನ್ನುವುದಕ್ಕೂ ಒಂದು ಲೆಕ್ಕ ಕೊಡಿ. ಸೆಲ್‌ಗಳ ಅಂಚು ನೇರ, ಹಾಗಾಗಿ ನಮ್ಮ ವೃತ್ತ ನಿಜಕ್ಕೂ ಒಂದು ಬಹುಭುಜ. 16 ಭಾಗ ಮಾಡಿದರೆ ಅದರ ವಿಸ್ತೀರ್ಣ ವೃತ್ತಕ್ಕಿಂತ ಶೇಕಡಾ 2.5ರಷ್ಟು ಕಡಿಮೆ. 64 ಮಾಡಿದರೆ ಶೇಕಡಾ 0.16 ಮಾತ್ರ ಕಡಿಮೆ. ಹರಿವಿನ ಮಾತು ಬರುವ ಮೊದಲೇ ಆಕಾರದಲ್ಲೇ ಇಷ್ಟು ವ್ಯತ್ಯಾಸ ಇದ್ದರೆ ಡ್ರ್ಯಾಗ್ ಸರಿಯಾಗಿ ಬರುವುದು ಹೇಗೆ?

ಇನ್ನು ಮೂರು ಮೆಶ್ ಮಾಡಿಸಿ. ಒರಟು, ಮಧ್ಯಮ, ನಯ. ಪ್ರತಿ ಸಲ ಸೆಲ್ ಉದ್ದ ಅರ್ಧ ಮಾಡಿ. ಮೂರರ ಡ್ರ್ಯಾಗ್, ಲಿಫ್ಟ್ ಎರಡನ್ನೂ ಪಕ್ಕಪಕ್ಕ ಇಟ್ಟು, ಪ್ರಕಟವಾದ ಸಂಖ್ಯೆಯ ಕಡೆಗೆ ಹೋಗುತ್ತಿವೆಯಾ ಅಂತ ತೋರಿಸಿ. ಜಾಸ್ತಿ ಸೆಲ್ ಅಂದರೆ ಜಾಸ್ತಿ ನಿಖರ ಅಂತ ನೀವು ಮೂರು ಕಡೆ ಬರೆದಿದ್ದೀರಿ. ಬೆಲೆಯನ್ನೂ ಹೇಳಬೇಕು. ಎರಡು ಆಯಾಮದಲ್ಲಿ ಅರ್ಧ ಮಾಡಿದರೆ ಸೆಲ್ ನಾಲ್ಕು ಪಟ್ಟು, ಮೂರು ಆಯಾಮದಲ್ಲಿ ಎಂಟು ಪಟ್ಟು. ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗಿ ಬಂದರೆ ಮೂರು ಆಯಾಮದಲ್ಲಿ ಒಟ್ಟು ಕೆಲಸ ಹದಿನಾರು ಪಟ್ಟು. ಎಲ್ಲ ಕಡೆ ಸುಮ್ನೆ ಚಿಕ್ಕದು ಮಾಡುವ ಬದಲು ಸಿಲಿಂಡರ್ ಹತ್ತಿರ ಮತ್ತು ಅದರ ಹಿಂದೆ ಮಾತ್ರ ಯಾಕೆ ಚಿಕ್ಕದು ಮಾಡುತ್ತಾರೆ ಅನ್ನುವುದು ಇದರಿಂದ ತಿಳಿಯುತ್ತದೆ.

ಸಂಖ್ಯೆ ಹೊಂದದಿದ್ದಾಗ ಎಲ್ಲಿ ನೋಡಬೇಕು ಅಂತ ಒಂದು ಪ್ಯಾರಾ ಇರಲಿ. ಉದಾಹರಣೆಗೆ, ಡ್ರ್ಯಾಗ್ 5.58ರ ಬದಲು 2.48ರ ಹತ್ತಿರ ಬಂದರೆ ಮೆಶ್ ಅನ್ನು ದೂರಬೇಡಿ. ಗುಣಾಂಕದ ಲೆಕ್ಕದಲ್ಲಿ ಸರಾಸರಿ ವೇಗ 0.2 ಹಾಕುವ ಕಡೆ 0.3 ಬಿದ್ದಿರುತ್ತದೆ. ವಿಸ್ತೀರ್ಣದ ಜಾಗದಲ್ಲಿ ವ್ಯಾಸ ಮಾತ್ರ ಹಾಕಿ ದಪ್ಪದಿಂದ ಗುಣಿಸುವುದು ಮರೆತರೂ ಸಂಖ್ಯೆ ಅಷ್ಟೇ ಎದ್ದು ಕಾಣುವಂತೆ ಕೆಡುತ್ತದೆ.

ಲೇಖನದ ಉದ್ದ ಈಗಿನ ಅರ್ಧ ಇದ್ದರೂ ಪರವಾಗಿಲ್ಲ. ಬಾಗಿದ ಪೈಪಿನ ಚೂರು ಮೇಲ್ಮೈಯ ಕತೆಯನ್ನು ಬಿಡಬೇಡಿ. ಸ್ವಂತ ಜಿಯೊಮೆಟ್ರಿಗೆ ಹೋಗುವ ಮೊದಲು ಎಂಬ ಭಾಗದಲ್ಲಿ ಅದಕ್ಕೆ ಜಾಗ ಇದೆ. ಮೂರು ಮೆಶ್‌ಗಳ ಸಂಖ್ಯೆ ನೀವೇ ಓಡಿಸಿ ಪಡೆದದ್ದಾಗಿರಲಿ, ಎಲ್ಲಿಂದಲೋ ತಂದದ್ದು ಬೇಡ. ಲೇಖನದ ಜೊತೆ ಜಿಮೆಶ್ ಫೈಲನ್ನೂ ಓಪನ್‌ಫೋಮ್ ಕೇಸನ್ನೂ ಕಳಿಸಿ. ನಾವು ಇಲ್ಲಿ ಓಡಿಸಿ ನೋಡಿ, ನಿಮ್ಮ ಸಂಖ್ಯೆಯೇ ಬಂದರೆ ಪ್ರಕಟಣೆಗೆ ತೆಗೆದುಕೊಳ್ಳುತ್ತೇವೆ.

ವಿಶ್ವಾಸದಿಂದ,
ಸಂಪಾದಕ