ಮೂರನೇ ತರಗತಿಯ ಮಕ್ಕಳಿಗೆ ಉಲ್ಲನ್ ದಾರದ ನೇಯ್ಗೆ ಕಲಿಸಬಹುದೇ?

ಮೂರನೇ ತರಗತಿಯ 34 ಮಕ್ಕಳಿಗೆ ರಟ್ಟಿನ ಮೇಲೆ ಉಲ್ಲನ್ ದಾರದ ನೇಯ್ಗೆ ಹೇಳಿಕೊಡಲು ಹೊರಟೆ, ಎರಡನೇ ಪೀರಿಯಡ್ಡಿಗೇ ಅರ್ಧ ಮಕ್ಕಳು ದಾರ ಸಿಕ್ಕು ಮಾಡಿಕೊಂಡು ಕೈಚೆಲ್ಲಿದರು, ನೇಯ್ದವರದ್ದೂ ಮೇಲೆ ಹೋದಂತೆ ಕಿರಿದಾಗುತ್ತಾ ಬಂತು, ಈ ವಯಸ್ಸಿಗೆ ಇದು ಭಾರವೇ ಎಂದು ಕೇಳಿದ್ದೀರಿ. ವಾರಕ್ಕೆ ಒಂದೇ 40 ನಿಮಿಷದ ಪೀರಿಯಡ್ ಇದೆ ಎಂದೂ ಬರೆದಿದ್ದೀರಿ.

ಭಾರವಲ್ಲ. ನಾನು ಪ್ರಾಥಮಿಕ ಶಾಲೆಯಲ್ಲಿ ಚಿತ್ರಕಲೆ ಕಲಿಸಲು ಶುರುಮಾಡಿ 14 ವರ್ಷವಾಯಿತು. ಮೊದಲ ವರ್ಷ ನನಗೂ ಥೇಟ್ ಇದೇ ಆಯಿತು. ಆಮೇಲೆ ಒಂದೊಂದೇ ತಿದ್ದಿಕೊಳ್ಳುತ್ತಾ ಬಂದೆ. ಈಗ ಎಂಟು ವರ್ಷದ ಮಗು ಆರು ಪೀರಿಯಡ್ಡಿನಲ್ಲಿ ಅಂಗೈಯಷ್ಟಗಲದ ಒಳ್ಳೆಯ ನೇಯ್ಗೆ ಮಾಡಿ ಮನೆಗೆ ಒಯ್ಯುತ್ತದೆ. ಆದ್ದರಿಂದ ಕೈಬಿಡಬೇಡಿ.

ಮೊದಲು ನಾನು ಮಾಡಿದ ದೊಡ್ಡ ತಪ್ಪನ್ನು ಹೇಳುತ್ತೇನೆ, ನಿಮ್ಮ ತರಗತಿಯಲ್ಲೂ ಅದೇ ಆಗಿರಬಹುದು. "ಮೇಲೆ, ಕೆಳಗೆ, ಮೇಲೆ, ಕೆಳಗೆ" ಎಂದು ಇಡೀ ತರಗತಿಯಿಂದ ರಾಗವಾಗಿ ಹೇಳಿಸಿದೆ. ಕೇಳಲು ಬಹಳ ಚೆಂದವಿತ್ತು. ಮೊದಲ ಸಾಲು ಎಲ್ಲರದ್ದೂ ಸರಿಯಾಗಿ ಬಂತು. ಸಾಲಿನ ಕೊನೆ ಮುಟ್ಟಿ ಹಿಂದಿರುಗುವಾಗ ಮಕ್ಕಳು ಮತ್ತೆ "ಮೇಲೆ" ಎಂದೇ ಶುರುಮಾಡಿದರು. ಆ ವರ್ಷ ನಾನು ಹಾಸಿನಲ್ಲಿ, ಅಂದರೆ ರಟ್ಟಿನ ಮೇಲೆ ಉದ್ದಕ್ಕೆ ಬಿಗಿದ ದಾರಗಳಲ್ಲಿ, 15 ಎಳೆ ಕೊಟ್ಟಿದ್ದೆ. 15 ಬೆಸ ಸಂಖ್ಯೆ. "ಮೇಲೆ"ಯಿಂದ ಶುರುವಾದ ಸಾಲು "ಮೇಲೆ"ಯಲ್ಲೇ ಮುಗಿಯುತ್ತದೆ. ಹಾಗಾಗಿ ಹಿಂದಿರುಗುವ ಸಾಲು "ಕೆಳಗೆ"ಯಿಂದ ಶುರುವಾಗಬೇಕಿತ್ತು. ಮಕ್ಕಳ ಎರಡನೇ ಸಾಲು ಮೊದಲನೆಯದರ ದಾರಿಯಲ್ಲೇ ವಾಪಸ್ ಹೋಯಿತು, ಎಳೆದ ಕೂಡಲೇ ದಾರವೆಲ್ಲ ಬಿಚ್ಚಿಕೊಂಡು ಕೈಗೆ ಬಂತು. ಒಬ್ಬ ಹುಡುಗಿ ನಾಲ್ಕು ಸಲ ನೇಯ್ದು, ನಾಲ್ಕು ಸಲವೂ ಬಿಚ್ಚಿಹೋದದ್ದನ್ನು ಕಂಡು ರಟ್ಟನ್ನು ಡೆಸ್ಕಿನ ಕೆಳಗೆ ಬಚ್ಚಿಟ್ಟಳು. ಅವಳು ರಾಗ ತಪ್ಪಿರಲಿಲ್ಲ. ನಾನು ಹೇಳಿದಂತೆಯೇ ಮಾಡಿದ್ದಳು.

ಅದರಿಂದ ಎರಡು ಪಾಠ ಕಲಿತೆ. ಒಂದು ಚಿಕ್ಕದು: ಚಪ್ಪಟೆ ರಟ್ಟಿನ ಮೇಲೆ ಮೊದಲ ಬಾರಿ ನೇಯುವವರಿಗೆ ಹಾಸಿನಲ್ಲಿ ಸಮ ಸಂಖ್ಯೆಯ ಎಳೆ ಕೊಡಿ. ನಾನು 12 ಕೊಡುತ್ತೇನೆ. ಆಗ ಪ್ರತಿ ಸಾಲೂ "ಮೇಲೆ" ಎಂದೇ ಶುರುವಾಗಿ "ಕೆಳಗೆ" ಎಂದು ಮುಗಿಯುತ್ತದೆ, ಯಾವ ಕಡೆಯಿಂದ ಹೊರಟರೂ ಅಷ್ಟೇ. ಇನ್ನೊಂದು ದೊಡ್ಡದು, ಈ ಉತ್ತರ ಬರೆಯಲು ಕೂತದ್ದೇ ಅದಕ್ಕಾಗಿ: ಮಗುವಿಗೆ ರಾಗಕ್ಕಿಂತ ಮೊದಲು ನೋಟ ಕಲಿಸಬೇಕು. ರಾಗ ಹೇಳುವ ಮಗು ನಡುವೆ ಒಂದು ಎಳೆ ಬಿಟ್ಟುಹೋದರೂ ಹೇಳುತ್ತಲೇ ಹೋಗುತ್ತದೆ, ತಪ್ಪು ಅದರ ಕಿವಿಗೆ ಬೀಳುವುದಿಲ್ಲ. ಕೆಳಗಿನ ಸಾಲನ್ನು ನೋಡಲು ಕಲಿತ ಮಗು ತಾನೇ ನಿಲ್ಲುತ್ತದೆ. ನಾನು ಹೇಳಿಕೊಡುವ ಮಾತು ಇಷ್ಟೇ: "ಕೆಳಗಿನ ಸಾಲು ಎಲ್ಲಿ ಎಳೆಯನ್ನು ಮುಚ್ಚಿದೆಯೋ ಅಲ್ಲಿ ನೀನು ಅದರ ಅಡಿಗೆ ಹೋಗು, ಎಲ್ಲಿ ಎಳೆ ಕಾಣುತ್ತಿದೆಯೋ ಅಲ್ಲಿ ಮುಚ್ಚು." ಇದು ತಲೆಗೆ ಹೋದ ಮೇಲೆ ಸಮ, ಬೆಸ ಯಾವುದಾದರೂ ನಡೆಯುತ್ತದೆ. ನಡುವೆ ಊಟದ ಗಂಟೆ ಹೊಡೆದರೂ, ಒಂದು ವಾರ ರಜೆ ಬಂದರೂ, ಎಲ್ಲಿ ಬಿಟ್ಟಿದ್ದೆ ಎಂದು ನೇಯ್ಗೆಯೇ ಹೇಳುತ್ತದೆ.

ಈ ನೋಟ ಬೇಗ ಕೂರಲು ಎರಡು ಬಣ್ಣದ ಹಾಸು ತುಂಬಾ ಸಹಾಯ ಮಾಡುತ್ತದೆ. ಎಳೆ ಸಿಕ್ಕಿಸಲು ರಟ್ಟಿನ ಅಂಚಿನಲ್ಲಿ ಕತ್ತರಿಸಿದ ಕಚ್ಚುಗಳಲ್ಲಿ 1, 3, 5ನೆಯವಕ್ಕೆ ಬಿಳಿ ದಾರ, 2, 4, 6ನೇ ಕಚ್ಚುಗಳಿಗೆ ಕಡುನೀಲಿ. ಒಂದು ಸಾಲು ಬಿಳಿಯನ್ನೆಲ್ಲ ಮುಚ್ಚುತ್ತದೆ, ಮುಂದಿನ ಸಾಲು ನೀಲಿಯನ್ನೆಲ್ಲ. ಬಿಳಿ ಮುಚ್ಚಬೇಕಾದ ಸಾಲಿನಲ್ಲಿ ಒಂದು ಬಿಳಿ ಇಣುಕಿದರೆ ಮಗುವಿಗೇ ಗೊತ್ತಾಗುತ್ತದೆ. ಕಣ್ಣು ಸ್ವಲ್ಪ ಮಂದವಿರುವ ಮಕ್ಕಳಿಗೂ, ಎಣಿಸುವಾಗ ಗಲಿಬಿಲಿಗೊಳ್ಳುವ ಮಕ್ಕಳಿಗೂ ಇದರಿಂದ ಎಷ್ಟು ಅನುಕೂಲವಾಯಿತೆಂದರೆ, ಈಗ ಮೂರನೇ ತರಗತಿಯಲ್ಲಿ ಎಲ್ಲರಿಗೂ ಹೀಗೇ ಕಟ್ಟಿಕೊಡುತ್ತೇನೆ.

ಉದ್ದಕ್ಕೆ ಬಿಗಿಯಾಗಿ ನಿಲ್ಲುವ ಎಳೆಗಳು ಹಾಸು, ಅಡ್ಡಕ್ಕೆ ಅವುಗಳ ನಡುವೆ ಹೊಕ್ಕು ಹೋಗುವ ದಾರ ಹೊಕ್ಕು. ಈ ಎರಡು ಪದಗಳನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿ. "ಹಾಸುಹೊಕ್ಕು" ಎಂಬ ಮಾತನ್ನು ಮನೆಯಲ್ಲಿ ಎಲ್ಲೋ ಕೇಳಿದ ಒಂದಿಬ್ಬರು ಇದ್ದೇ ಇರುತ್ತಾರೆ. ಅದು ಎಲ್ಲಿಂದ ಬಂತು ಎಂದು ಕೈಯಾರೆ ತಿಳಿದಾಗ ಆ ಮುಖಗಳನ್ನು ನೋಡಬೇಕು.

ಇನ್ನು ರಟ್ಟು. ಸುಮಾರು 15 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದ ಸಾಕು. ಅದಕ್ಕಿಂತ ದೊಡ್ಡದಾದರೆ ಮಕ್ಕಳು ಮುಗಿಸಲಾರರು. ಮೇಲೆ ಕೆಳಗೆ ಒಂದೊಂದು ಸೆಂ.ಮೀ. ಅಂತರದಲ್ಲಿ ಕಚ್ಚು ಹಾಕಿ. ಪೆಟ್ಟಿಗೆಯ ರಟ್ಟಾದರೆ ಒಳಗೆ ಸುರುಳಿ ಸುರುಳಿಯಾದ ಗೆರೆಗಳಿರುತ್ತವಲ್ಲ, ಅವು ಹಾಸಿನ ದಿಕ್ಕಿಗೇ, ಅಂದರೆ ಮೇಲಿನಿಂದ ಕೆಳಕ್ಕೆ ಇರುವಂತೆ ಕತ್ತರಿಸಿ. ಅಡ್ಡ ಇದ್ದರೆ ಹಾಸಿನ ಬಿಗಿತಕ್ಕೆ ರಟ್ಟು ಆ ಗೆರೆಗಳಲ್ಲೇ ಮಡಚಿಕೊಂಡು ಬಿಲ್ಲಿನಂತೆ ಬಾಗುತ್ತದೆ. ಹಾಸಿಗಾಗಿ ಉಲ್ಲನ್ ಬಳಸಬೇಡಿ, ಅದು ಹಿಗ್ಗುತ್ತದೆ. ರಟ್ಟಿನಿಂದ ಬಿಡಿಸಿದಾಗ ಮುದುಡಿಕೊಂಡು ನೇಯ್ಗೆಯನ್ನೂ ಮುದುಡಿಸುತ್ತದೆ. ಗಟ್ಟಿ ಹತ್ತಿ ದಾರ ಒಳ್ಳೆಯದು. ಬೆರಳಿನಿಂದ ಮೀಟಿದರೆ ಎಳೆ ಪುಟಿಯಬೇಕು, ಆದರೆ ರಟ್ಟು ಬಾಗಬಾರದು, ಅಷ್ಟು ಬಿಗಿ. ದಾರವನ್ನು ರಟ್ಟಿನ ಮುಂದೆ ಹಿಂದೆ ಪೂರ್ತಿ ಸುತ್ತಿ, ತುದಿಗಳನ್ನು ಹಿಂಬದಿಗೆ ಟೇಪಿನಿಂದ ಅಂಟಿಸಿ. ಮೂರನೆಯವರಿಗೆ ನಾನೇ ಸುತ್ತಿಟ್ಟಿರುತ್ತೇನೆ, ಐದನೆಯವರು ತಾವೇ ಸುತ್ತಿಕೊಳ್ಳುತ್ತಾರೆ. 34 ರಟ್ಟು ಸುತ್ತುವುದು ಎರಡು ಸಂಜೆಯ ಕೆಲಸ. ಅದನ್ನು ಉಳಿಸಲು ಹೋದರೆ ಮಕ್ಕಳ ಎರಡು ಪೀರಿಯಡ್ ಸಡಿಲ ಎಳೆಗಳ ಜತೆ ಗುದ್ದಾಡುವುದರಲ್ಲೇ ಹೋಗುತ್ತದೆ.

ನಿಮ್ಮ ಸಿಕ್ಕಿನ ಸಮಸ್ಯೆಗೆ ಬಹುಪಾಲು ಕಾರಣ ದಾರದ ಉದ್ದ. ಮತ್ತೆ ಮತ್ತೆ ಸೂಜಿಗೆ ಪೋಣಿಸುವುದು ಬೇಡವೆಂದು ಮಕ್ಕಳು ಉದ್ದುದ್ದ ಕತ್ತರಿಸಿಕೊಳ್ಳುತ್ತಾರೆ. ನನ್ನ ತರಗತಿಯಲ್ಲಿ ಅಳತೆ ಒಂದೇ: ಒಂದು ಮಾರು, ಅವರವರದೇ ಮಾರು. ಎರಡೂ ಕೈ ಚಾಚಿ ನಿಂತು ಬೆರಳ ತುದಿಯಿಂದ ಬೆರಳ ತುದಿಗೆ ಅಳೆದುಕೊಳ್ಳಬೇಕು. ಆ ಉದ್ದದ ದಾರವನ್ನು ಮಗು ಒಂದೇ ಎಳೆತಕ್ಕೆ ಪೂರ್ತಿ ಎಳೆಯಬಲ್ಲದು, ಪಕ್ಕದವರ ಮುಖಕ್ಕೆ ಸೂಜಿ ತಾಗುವುದೂ ಕಡಿಮೆ. ಉಂಡೆಗಳನ್ನು ಮೇಜಿನ ಮೇಲೆ ಉರುಳಲು ಬಿಡದೆ ಒಂದೊಂದನ್ನು ಒಂದೊಂದು ಚೀಲದಲ್ಲಿಟ್ಟು ಬಾಯಿಂದ ತುದಿ ಮಾತ್ರ ಹೊರಗೆ ಬಿಡಿ. ಸೂಜಿ ಅಗಲ ಕಣ್ಣಿನ ಪ್ಲಾಸ್ಟಿಕ್ಕಿನದಿರಲಿ.

ದಾರ ಮುಗಿದಾಗ ಗಂಟು ಹಾಕಿಸಬೇಡಿ. ಹಳೆಯ ತುದಿ ನಾಲ್ಕು ಬೆರಳಷ್ಟು ಹಿಂದಕ್ಕೆ ಬಿಟ್ಟು, ಹೊಸ ದಾರ ಎರಡು ಮೂರು ಎಳೆ ಹಿಂದಿನಿಂದಲೇ ಅದೇ ದಾರಿಯಲ್ಲಿ ಜತೆಗೂಡಿ ಹೊರಡಲಿ. ಒತ್ತಿ ಕೂರಿಸಿದರೆ ತಾನೇ ಹಿಡಿದುಕೊಳ್ಳುತ್ತದೆ.

ಮೇಲೆ ಹೋದಂತೆ ಕಿರಿದಾಗುವುದನ್ನು ನಾವು ತರಗತಿಯಲ್ಲಿ "ಸೊಂಟ ಬರುವುದು" ಎನ್ನುತ್ತೇವೆ. ಗಟ್ಟಿಯಾಗಿ ಎಳೆದರೆ ಗಟ್ಟಿ ಬಟ್ಟೆಯಾಗುತ್ತದೆ ಎಂದು ಮಕ್ಕಳು ನಂಬಿರುತ್ತಾರೆ. ಅವರಿಗೆ ಕಾರಣ ತೋರಿಸಿ: ಹೊಕ್ಕಿನ ದಾರ ನೇರ ಹೋಗುವುದಿಲ್ಲ, ಪ್ರತಿ ಎಳೆಗೂ ಹತ್ತಿ ಇಳಿಯಬೇಕು, ಆದ್ದರಿಂದ ಅದಕ್ಕೆ ಅಗಲಕ್ಕಿಂತ ಹೆಚ್ಚು ದಾರ ಬೇಕು. ಆ ಹೆಚ್ಚಿನದನ್ನು ಕೊಡದಿದ್ದರೆ ಅದು ಎರಡೂ ಅಂಚುಗಳನ್ನು ಒಳಗೆ ಎಳೆದು ತನಗೆ ಬೇಕಾದ್ದನ್ನು ತೆಗೆದುಕೊಳ್ಳುತ್ತದೆ. ಹಾಗಾಗಿ ಪ್ರತಿ ಸಾಲನ್ನೂ ಬೆಟ್ಟದ ಆಕಾರದಲ್ಲಿ ಬಾಗಿಸಿ ಬಿಟ್ಟು, ಆಮೇಲೆ ಹಳೆಯ ಬಾಚಣಿಗೆಯಿಂದಲೋ ಫೋರ್ಕಿನಿಂದಲೋ ನಡುವಿನಿಂದ ಅಂಚಿನ ಕಡೆಗೆ ತಟ್ಟಿ ಕೂರಿಸಬೇಕು. "ಬೆಟ್ಟ ಮಾಡು, ಬಾಚು" ಎಂದರೆ ಮೂರನೆಯವರಿಗೆ ಸಾಕು. ರಟ್ಟಿನ ಮೇಲೆ ಎರಡೂ ಕೊನೆಯ ಎಳೆಗಳ ಅಡಿಗೆ ದಪ್ಪ ಗೆರೆ ಎಳೆದಿಡಿ. ಎಳೆ ಗೆರೆಯಿಂದ ಒಳಸರಿದರೆ ತಕ್ಷಣ ಕಾಣುತ್ತದೆ. ಈಗಾಗಲೇ ಕಿರಿದಾದದ್ದನ್ನು ಬಿಚ್ಚಿಸಬೇಡಿ. ಇಲ್ಲಿಂದ ಮುಂದೆ ಬೆಟ್ಟ ದೊಡ್ಡದು ಮಾಡಿದರೆ ಮೆಲ್ಲಗೆ ಅಗಲವಾಗುತ್ತದೆ, ಕೊನೆಗೆ ಹೂದಾನಿಯಂಥ ಆಕಾರ ಬಂದರೂ ಅದು ಆ ಮಗು ಕಲಿತದ್ದರ ಗುರುತಾಗಿ ಉಳಿಯುತ್ತದೆ.

ಒಂದು ವಿಷಯದಲ್ಲಿ ಹಟ ಹಿಡಿಯುತ್ತೇನೆ: ದಾರ ಮುಟ್ಟುವ ಮೊದಲು ಒಂದು ಪೀರಿಯಡ್ ಕಾಗದದ ಪಟ್ಟಿಗಳ ನೇಯ್ಗೆ. ಎಂಟು ವರ್ಷದವರಿಗೆ ಇದು ತೀರಾ ಚಿಕ್ಕವರ ಆಟ ಎನಿಸಬಹುದು. ಕಿಂಡರ್‌ಗಾರ್ಟನ್ ಕಲ್ಪನೆಯನ್ನು ಕೊಟ್ಟ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದವರು. ಅವರು ರೂಪಿಸಿದ ಕೈಕೆಲಸಗಳಲ್ಲಿ ಕಾಗದದ ನೇಯ್ಗೆಯೂ ಒಂದು. ಎರಡು ಸೆಂ.ಮೀ. ಅಗಲದ ಪಟ್ಟಿಯಲ್ಲಿ ತಪ್ಪು ದೊಡ್ಡದಾಗಿ, ದೂರದಿಂದಲೇ ಕಾಣುತ್ತದೆ, ಒಂದು ಪಟ್ಟಿ ಎಳೆದರೆ ಸರಿಯಾಗುತ್ತದೆ. ಕೆಳಗಿನ ಸಾಲು ನೋಡುವ ಅಭ್ಯಾಸ ಇಲ್ಲೇ ಬೇರೂರಬೇಕು. ದಾರದ ಮೇಲೆ ಅದನ್ನು ಹೊಸದಾಗಿ ಕಲಿಸುವುದು ಕಷ್ಟ.

ಆಮೇಲೆ ನಾಲ್ಕು ಪೀರಿಯಡ್ ನೇಯ್ಗೆ, ಆರನೆಯದು ಬಿಡಿಸಿ ಕಟ್ಟಲು. ಬೇಗ ಕಲಿತವರು ಇತರರಿಗೆ ಸಹಾಯ ಮಾಡಲು ಓಡಿ ಬರುತ್ತಾರೆ, ಬರಲಿ. ಆದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಯಲ್ಲಿ ಮಾತ್ರ ಹೇಳಬೇಕು. ಕೈ ಹಾಕಿದರೆ ಅವರೇ ನೇಯ್ದುಬಿಡುತ್ತಾರೆ, ಪಕ್ಕದ ಮಗು ನೋಡುತ್ತಾ ಕೂರುತ್ತದೆ. ಪೀರಿಯಡ್ ಮುಗಿಯಲು ಐದು ನಿಮಿಷವಿರುವಾಗ ಸೂಜಿಯನ್ನು ಹಾಸಿನೊಳಗೆ ಸಿಕ್ಕಿಸಿ, ಉಳಿದ ದಾರವನ್ನು ರಟ್ಟಿಗೆ ಸುತ್ತಿ, ಹಿಂಬದಿಯಲ್ಲಿ ಬರೆದ ಹೆಸರು ಮೇಲೆ ಬರುವಂತೆ ಜೋಡಿಸಿಡುವುದು ಅಭ್ಯಾಸವಾಗಲಿ.

ವಿನ್ಯಾಸದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳದೆ ಇರಲಾರೆ. ಮೊದಲ ನೇಯ್ಗೆಯಲ್ಲಿ ಹೂವು, ಮನೆ, ಹೃದಯ ಎಂದು ಚಿತ್ರ ನೇಯಿಸಬೇಡಿ. ಎರಡು ಬಣ್ಣ ಕೊಟ್ಟು ಪ್ರಯೋಗ ಮಾಡಿಸಿ. ಕೆಂಪು ಎರಡು ಸಾಲು, ಹಳದಿ ಎರಡು ಸಾಲು ನೇಯ್ದರೆ ಅಲೆಯಂಥ ಸಣ್ಣ ಅಡ್ಡಗೆರೆಗಳು ಬರುತ್ತವೆ. ಕೆಂಪು ಒಂದೇ ಸಾಲು, ಹಳದಿ ಒಂದೇ ಸಾಲು ಎಂದು ಬದಲಿಸುತ್ತಾ ಒತ್ತಿ ಕೂರಿಸುತ್ತಾ ಹೋದರೆ ಅಡ್ಡಕ್ಕೆ ನೇಯ್ದ ದಾರ ಉದ್ದುದ್ದ ಪಟ್ಟೆಗಳಾಗಿ ನಿಲ್ಲುತ್ತದೆ! ಒಂದು ಎಳೆಯ ಮೇಲೆ ಯಾವಾಗಲೂ ಕೆಂಪು, ಪಕ್ಕದ್ದರ ಮೇಲೆ ಯಾವಾಗಲೂ ಹಳದಿ ಬೀಳುವುದರಿಂದ ಹೀಗಾಗುತ್ತದೆ. ಇದನ್ನು ಮೊದಲೇ ಹೇಳದೆ ಸುಮ್ಮನೆ ಮಾಡಿಸಿ, ಐದಾರು ಸಾಲಾಗುವಷ್ಟರಲ್ಲಿ ಯಾರಾದರೂ ಕೂಗಿಕೊಳ್ಳುತ್ತಾರೆ. ಆಗ ಕಾರಣ ಅವರಿಂದಲೇ ಬರಲಿ.

ಇದು ಕಸುಬು, ಇದಕ್ಕೆ ಚಿತ್ರಕಲೆಯ ಪೀರಿಯಡ್ ಯಾಕೆ ಎಂದು ನನ್ನನ್ನು ಸಹೋದ್ಯೋಗಿಗಳು ಕೇಳಿದ್ದುಂಟು, ನಿಮ್ಮನ್ನೂ ಕೇಳಬಹುದು. ಅವರಿಗೆ ನೇಯ್ಗೆಯ ಕಲಾವಿದೆ ಆನಿ ಆಲ್ಬರ್ಸ್ ಬಗ್ಗೆ ಹೇಳಿ. ಅವರು 1922ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆ ಸೇರಿದಾಗ ಅವರ ಮನಸ್ಸು ನೇಯ್ಗೆಯ ಕಡೆ ಇರಲಿಲ್ಲ. ಆದರೂ ಮಗ್ಗದ ಮುಂದೆ ಕೂತರು. 1949ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಅವರ ನೇಯ್ಗೆಗಳದ್ದೇ ಪ್ರತ್ಯೇಕ ಪ್ರದರ್ಶನ ನಡೆಯಿತು. ಗೆರೆ, ಬಣ್ಣ, ಲಯ ಇವೆಲ್ಲ ಕುಂಚದಲ್ಲಿ ಇರುವಷ್ಟೇ ದಾರದಲ್ಲೂ ಇವೆ ಎಂದು ಅವರ ಕೆಲಸದ ಒಂದು ಚಿತ್ರ ತೋರಿಸಿದರೆ ಮಕ್ಕಳಿಗೂ ಅರ್ಥವಾಗುತ್ತದೆ, ದೊಡ್ಡವರಿಗೂ.

ಮುಂದಿನ ವರ್ಷ ಇದೇ ಮಕ್ಕಳು ನಿಮ್ಮ ಕೈಗೆ ಸಿಕ್ಕರೆ ಕಾಗದದ ತಟ್ಟೆಯ ಮೇಲೆ ದುಂಡು ನೇಯ್ಗೆ ಮಾಡಿಸಿ. ಅಲ್ಲಿ ಲೆಕ್ಕ ಉಲ್ಟಾ: ಸುತ್ತುತ್ತಲೇ ಹೋಗುವುದರಿಂದ ಎಳೆಗಳು ಬೆಸ ಸಂಖ್ಯೆಯಲ್ಲಿರಬೇಕು, ಇಲ್ಲವಾದರೆ ಎರಡನೇ ಸುತ್ತೂ ಮೊದಲ ಸುತ್ತಿನ ಎಳೆಗಳನ್ನೇ ಮುಚ್ಚುತ್ತದೆ. ಮೊದಲು ಬೇಕೆಂದೇ 8 ಎಳೆಯ ತಟ್ಟೆ ಕೊಟ್ಟು, ಯಾಕೆ ಆಗುತ್ತಿಲ್ಲ ಎಂದು ಅವರೇ ಹುಡುಕಲು ಹತ್ತು ನಿಮಿಷ ಬಿಡಿ.

ಕೊನೆಯದಾಗಿ, ಮುಗಿಸದವರು. ಆರನೇ ಪೀರಿಯಡ್ಡಿನಲ್ಲಿ ಕೆಲವರದ್ದು ಅರ್ಧದಲ್ಲಿರುತ್ತದೆ. ಅವರಿಗೂ ಅಂದೇ ಬಿಡಿಸಿಕೊಡಿ, ಬಾಕಿ ಇಡಬೇಡಿ. ರಟ್ಟಿನ ಹಿಂಬದಿಯಲ್ಲಿ ಹಾಸನ್ನು ನಡುವಿಗೆ ಸರಿಯಾಗಿ ಕತ್ತರಿಸಿದರೆ ಎರಡೂ ಕಡೆ ಉದ್ದ ದಾರ ಸಿಗುತ್ತದೆ. ಪಕ್ಕಪಕ್ಕದ ಎರಡೆರಡು ಎಳೆ ಸೇರಿಸಿ, ನೇಯ್ಗೆಗೆ ತಾಗುವಂತೆ ಗಂಟು ಹಾಕಿಸಿ. ನೇಯದೆ ಉಳಿದ ಉದ್ದವೆಲ್ಲ ಕುಚ್ಚಾಗುತ್ತದೆ. ನಾಲ್ಕು ಬೆರಳು ನೇಯ್ಗೆ, ಒಂದು ಗೇಣು ಕುಚ್ಚು ಇರುವ ತುಂಡನ್ನು ಕಡ್ಡಿಯೊಂದಕ್ಕೆ ಕಟ್ಟಿ ಗೋಡೆಗೆ ತೂಗುಹಾಕಿ, ಬಹಳ ಚೆನ್ನಾಗಿ ಕಾಣುತ್ತದೆ. ಖಾಲಿಯಾದ ರಟ್ಟುಗಳನ್ನು ಎಸೆಯಬೇಡಿ, ಕಚ್ಚುಗಳು ಹರಿಯದಿದ್ದರೆ ಇನ್ನೊಂದು ವರ್ಷಕ್ಕೆ ಧಾರಾಳವಾಗಿ ಬರುತ್ತವೆ.